ಯಾರಿಗೂ ಅರ್ಥವಾಗದ ಊರಲ್ಲಿ

"ಮೊಳೆ ಹೊಡೀಬೇಡಿ, ಗಾರೆ ಉದುರತ್ತೆ," ಎಂದು ಅವಳು ಒಳಗಿನಿಂದಲೇ ಕೂಗಿದಳು.

ಸಂಪಾದಕರು ಎತ್ತಿದ ಸುತ್ತಿಗೆಯನ್ನು ಹಾಗೇ ಇಳಿಸಿದರು. ಅವಳ ಗಂಡನ ಅಂಕಣಗಳನ್ನು ದೊಡ್ಡದು ಮಾಡಿಸಿ, ಒಂದು ಬೋರ್ಡಿಗೆ ಅಂಟಿಸಿಕೊಂಡು ತಂದಿದ್ದರು.

"ಗೋಡೆಗೆ ಒರಗಿಸಿ ಇಡ್ತೀವಿ ಬಿಡಿ ಅಕ್ಕ. ನಿಮ್ಮೋರು ಏನೇನು ಬರೆದ್ರು ಅಂತ ಜನ ನೋಡ್ಲಿ."

"ನೋಡ್ಲಿ. ನಂಗಂತೂ ಎಲ್ಲಾ ಬಾಯಿಪಾಠ."

ಗಂಡ ಮುಂದಿನ ಕೋಣೆಯಲ್ಲಿ, ಸ್ಟ್ರೆಚರಿನ ಮೇಲೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಲಗಿದ್ದ. ಊರಿಗೆಲ್ಲ ಅವನು ಪೇಪರಣ್ಣ. ಮೂರು ಗಂಟೆಗೆ ವ್ಯಾನು ಬರುವುದಿತ್ತು.

ಬಾಯಿಪಾಠ ಎಂದದ್ದು ಜಂಬಕ್ಕಲ್ಲ. ಇಪ್ಪತ್ತು ವರ್ಷ, ಪ್ರತಿ ಶನಿವಾರ ಸಂಜೆ, ಪೇಪರಣ್ಣ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ತಾನು ಬರೆದದ್ದನ್ನು ಗಟ್ಟಿಯಾಗಿ ಓದುತ್ತಿದ್ದ. ಅವಳು ತರಕಾರಿ ಹೆಚ್ಚುತ್ತ ಕೇಳುತ್ತಿದ್ದಳು. ಸೋರುವ ನಲ್ಲಿ, ಬಸ್ಸಿನ ಸೀಟಿಗಾಗಿ ಜಗಳ, ಕ್ಷೌರದಂಗಡಿಯ ರಾಜಕೀಯ. ಅವಳು ನಕ್ಕ ಸಾಲು ಉಳಿಯುತ್ತಿತ್ತು, ಸುಮ್ಮನಿದ್ದ ಸಾಲಿನ ಮೇಲೆ ಗೀಟು ಬೀಳುತ್ತಿತ್ತು. ಭಾನುವಾರ ಮನೆಗೆ ಬರುವ ಪತ್ರಿಕೆಯಲ್ಲಿ ಅಂಕಣದ ಜಾಗದಲ್ಲಿ ಚೌಕಾಕಾರದ ತೂತಿರುತ್ತಿತ್ತು. "ಆಫೀಸಿನ ಫೈಲಿಗೆ ಕತ್ತರಿಸ್ದೆ ಕಣೇ. ನೀನು ನಿನ್ನೇನೇ ಕೇಳಿದೀಯಲ್ಲ," ಎನ್ನುತ್ತಿದ್ದ. ಕೇಳಿದ್ದಳಲ್ಲ. ತೂತಿನ ಹಾಳೆಯನ್ನು ಕಪಾಟಿಗೆ ಹಾಸಿ ಸುಮ್ಮನಾಗುತ್ತಿದ್ದಳು.

ಹೊರಗೆ ಯಾರೋ ಕಿಸಕ್ಕನೆ ನಕ್ಕರು. ಔಷಧಿ ಅಂಗಡಿಯವನ ದನಿ.

"ಇದು ನೋಡೋ! ಟ್ರಾಮಲ್ಲಿ ಷಡ್ಡಕನ್ನ ಹುಡುಕಿದ್ದು!"

"ಶ್, ಸಾವಿನ ಮನೆ ಕಣೋ," ಎಂದ ಕ್ಷೌರಿಕ.

"ಸತ್ತೋನೇ ನಗಿಸ್ತಿದಾನೆ, ನಾನೇನ್ ಮಾಡ್ಲಿ?"

ಅಡುಗೆಮನೆಯಲ್ಲಿ ಕೂತಿದ್ದ ಅವಳು ಕಿವಿಗೊಟ್ಟಳು. ಪೇಪರಣ್ಣನಿಗೆ ಇದ್ದದ್ದು ಒಬ್ಬನೇ ಷಡ್ಡಕ, ಅವಳ ತಂಗಿಯ ಗಂಡ. ಅವಳಿಗೆ ಬಾಯಿಪಾಠವಾಗಿದ್ದ ಯಾವ ಅಂಕಣದಲ್ಲೂ ಅವನಿರಲಿಲ್ಲ. ನೋಡೋಣವೆಂದು ಏಳುವಷ್ಟರಲ್ಲಿ ಬಾಗಿಲಲ್ಲಿ ತಂಗಿಯೇ ನಿಂತಿದ್ದಳು. ಆರು ವರ್ಷದಿಂದ ಈ ಮನೆಯ ಮೆಟ್ಟಿಲು ಹತ್ತದವಳು. ಹೆಣದ ಕಡೆ ತಿರುಗಿಯೂ ನೋಡದೆ ನೇರ ಅಡುಗೆಮನೆಗೆ ಬಂದಳು.

"ನಾನು ಅಳೋಕ್ ಬಂದಿಲ್ಲ. ನಾಳೆ ಪೇಪರಲ್ಲಿ ಅದನ್ನ ಮತ್ತೆ ಹಾಕ್ತಾರಂತೆ, ಶ್ರದ್ಧಾಂಜಲಿ ಅಂತ. 'ನಾಳೆ ತಪ್ಪದೆ ಓದಿ' ಅಂತ ನಮ್ಮ ಸ್ಕೂಲೋರ ಫೋನಿಗೆಲ್ಲ ಬೆಳಗ್ಗೇನೇ ಬಂದಿದೆ. ನಿಲ್ಸು. ನೀನು ಹೇಳಿದ್ರೆ ಕೇಳ್ತಾರೆ."

"ಯಾವುದನ್ನೇ?"

"ನಾಟಕ ಬೇಡ ಅಕ್ಕ. ಟ್ರಾಮಿಂದು. ನೀನು ಹೇಳದೆ ಭಾವಂಗೆ ಕನಸು ಬಿದ್ದಿತ್ತಾ?"

*

ಆರು ವರ್ಷದ ಹಿಂದೆ, ಪತ್ರಕರ್ತರ ಸಂಘದ ವಿದೇಶ ಪ್ರವಾಸ, ಎಂಟು ದಿನ. ಹೆಂಡತಿಯರನ್ನೂ ಕರೆದೊಯ್ಯಬಹುದಿತ್ತು. ಎರಡನೆಯ ದಿನವೇ ಪೇಪರಣ್ಣ ಒಂದು ಸಂಗತಿ ಕಂಡುಹಿಡಿದ: ಈ ಊರಲ್ಲಿ ಯಾರಿಗೂ ತಮ್ಮ ಮಾತು ಅರ್ಥವಾಗುವುದಿಲ್ಲ.

"ಎದುರುಗಡೆಯೋಳ ಮೂಗು ನೋಡೇ, ಗಿಣಿ ಕೊಕ್ಕು!" ಎಂದು ತುಂಬಿದ ಟ್ರಾಮಿನಲ್ಲಿ ಕೂಗಿಯೇ ಹೇಳಿದ. ಅವಳು ಹೆದರಿ ಅವನ ತೊಡೆ ಚಿವುಟಿದಳು. ಗಿಣಿಮೂಗಿನ ಹೆಂಗಸು ನಕ್ಕು, ಎದ್ದು ಅವಳಿಗೆ ಸೀಟು ಬಿಟ್ಟುಕೊಟ್ಟಳು.

ನಾಲ್ಕನೆಯ ದಿನಕ್ಕೆ ಅವಳ ನಾಲಗೆಯೂ ಸಡಿಲವಾಯಿತು. ಮದುವೆಯಾದಂದಿನಿಂದ ತೆಳು ಗೋಡೆಯ ಮನೆಯಲ್ಲಿ ಪಿಸುಗುಟ್ಟಿಯೇ ಬದುಕಿದವಳು. ಮೊದಲು ಅತ್ತೆಯನ್ನು ಬೈದಳು, ಆಮೇಲೆ ಓರಗಿತ್ತಿಯರನ್ನು. ಬೈಯಲು ಯಾರೂ ಉಳಿಯದಾದಾಗ ತಂಗಿಯ ಸಂಗತಿ ಹೇಳಿದಳು. ಅಮ್ಮನಿಗೂ ತನಗೂ ಬಿಟ್ಟರೆ ಇನ್ಯಾರಿಗೂ ಗೊತ್ತಿಲ್ಲದ್ದು. ಪೇಪರಣ್ಣನಿಗೂ ಹೇಳಿರಲಿಲ್ಲ. ಊರ ಸುದ್ದಿಯನ್ನೆಲ್ಲ ಕೆದಕುತ್ತಿದ್ದ ಅವನಿಗೆ ಮನೆಯ ಸುದ್ದಿ ಕೇಳುವ ಅಭ್ಯಾಸವಿರಲಿಲ್ಲ.

ತಂಗಿಯ ಗಂಡ ವಿದೇಶದಲ್ಲಿ ಕೆಲಸ ಮಾಡುತ್ತಾನೆ ಎಂಬುದು ಸುಳ್ಳು. ಮದುವೆಯಾದ ಮೂರನೆಯ ತಿಂಗಳಲ್ಲೇ ಇನ್ನೊಬ್ಬಳ ಜೊತೆ ಓಡಿಹೋದವನು. ತಂಗಿ ಶಾಲೆಯಲ್ಲಿ ವಿದೇಶ ಎಂದು ಹೇಳಿದಳು. ಹೇಳಿದ ಮೇಲೆ ಅದನ್ನು ಸಾಕಬೇಕಾಯಿತು. ಆಗಾಗ ದೊಡ್ಡ ಅಂಗಡಿಯಿಂದ ಹೊಳೆಯುವ ಕಾಗದದ ಚಾಕಲೇಟು ಕೊಂಡು, "ಅವರು ಕಳ್ಸಿದ್ರು" ಎಂದು ಸ್ಟಾಫ್ ರೂಮಿನಲ್ಲಿ ಹಂಚುತ್ತಿದ್ದಳು.

"ನಿಮ್ಮ ಷಡ್ಡಕ ಈ ದೇಶದಲ್ಲೇ ಇರ್ಬೇಕು, ಹುಡುಕ್ರೀ!" ಎಂದು ಅವಳು ನಕ್ಕಳು. ನಗುತ್ತಲೇ ಅತ್ತಳು. "ಯಾರಿಗೂ ಹೇಳ್ಬೇಡಿ. ಅವಳಿಗೆ ಆಣೆ ಇಟ್ಟಿದೀನಿ."

"ಯಾರಿಗೆ ಹೇಳ್ಲಿ? ಈ ಗಿಣಿಮೂಗಿಗಾ?"

ಅವಳು ಅವನ ಹೆಗಲಿಗೆ ತಲೆಯಿಟ್ಟಳು. ಊರಿನ ಬಸ್ಸಿನಲ್ಲಿ ಎಂದೂ ಹಾಗೆ ಕೂತವಳಲ್ಲ.

ಬಂದ ಮೇಲಿನ ಶನಿವಾರ ಅವನು ಟ್ರಾಮಿನ ಟಿಕೆಟ್ ಯಂತ್ರದ ಬಗ್ಗೆ ಓದಿದ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ತಿಂಗಳೇ ತಂಗಿ ಮನೆಗೆ ಬರುವುದು ನಿಲ್ಲಿಸಿದಳು, ಫೋನ್ ಎತ್ತುವುದು ನಿಲ್ಲಿಸಿದಳು. "ಅವಳ ವರ್ಗಾವಣೆ ವಿಷಯ ಪೇಪರಲ್ಲಿ ಹಾಕು ಅಂದ್ಲು. ಆಗಲ್ಲ ಅಂದೆ. ಅದಕ್ಕೇ ಸಿಟ್ಟು," ಎಂದ ಪೇಪರಣ್ಣ. ಅವಳು ನಂಬಿದಳು. ಗಂಡ ಎಷ್ಟು ನೇರ ಮನುಷ್ಯ ಎಂದು ನೆಂಟರ ಮುಂದೆ ಹೇಳಿಕೊಂಡದ್ದೂ ಉಂಟು.

*

ಅವಳು ಹೋಗಿ ಬೋರ್ಡಿನ ಮುಂದೆ ನಿಂತಳು. ಓದುತ್ತಿದ್ದವರು ಪಕ್ಕಕ್ಕೆ ಸರಿದರು. ಟಿಕೆಟ್ ಯಂತ್ರದ ವಿಷಯ ನಾಲ್ಕೇ ಸಾಲಿಗೆ ಮುಗಿದಿತ್ತು. ಆಮೇಲಿನದು ಅವಳು ಕೇಳಿದ್ದಲ್ಲ, ಅವಳೇ ಹೇಳಿದ್ದು.

'ನನ್ನ ನಾದಿನಿ ಲೆಕ್ಕದ ಟೀಚರು. ಗಂಡನ ಲೆಕ್ಕ ಮಾತ್ರ ತಪ್ಪಿತು.' ಚಾಕಲೇಟಿತ್ತು. ಅಂಗಡಿಯ ಹೆಸರಿತ್ತು. ಕೊನೆಯ ಸಾಲು: 'ಇದನ್ನೆಲ್ಲ ನನ್ನಾಕೆ ಟ್ರಾಮಿನಲ್ಲಿ ಕೂಗಿ ಹೇಳಿದಳು. ಅಲ್ಲಿ ಯಾರಿಗೂ ಅರ್ಥವಾಗಲಿಲ್ಲ. ನಿಮಗಾಗುತ್ತದಲ್ಲ, ಅದಕ್ಕೇ ಬರೆದೆ.'

ತಂಗಿ ಬೆನ್ನ ಹಿಂದೆ ಬಂದು ನಿಂತಿದ್ದಳು. "ಇದು ಅಚ್ಚಾದ ಮರುದಿನ, ಸೋಮವಾರ ಕ್ಲಾಸಿಗೆ ಹೋದ್ರೆ ಬೋರ್ಡ್ ಮೇಲೆ ಟ್ರಾಮಿನ ಚಿತ್ರ. 'ಟೀಚರ್, ಸಾರ್ ಸಿಕ್ಕಿದ್ರಾ?' ಅಂತ ಕೂಗು. ಆ ಸ್ಕೂಲು ಬಿಟ್ಟೆ. ಈಗಿರೋದ್ರಲ್ಲಿ ಯಾರಿಗೂ ಗೊತ್ತಿಲ್ಲ. ನಾಳೆ ಗೊತ್ತಾಗತ್ತೆ."

"ನಾನು ಇದನ್ನ ಓದಿರ್ಲಿಲ್ಲ ಕಣೇ."

"ಊರೆಲ್ಲ ಓದಿದೆ, ಹೆಂಡ್ತಿ ಓದಿಲ್ಲ. ಇದನ್ನೂ ಒಂದು ಅಂಕಣ ಮಾಡ್ಬಹುದಿತ್ತು ಭಾವ."

ಅವಳು ಸಂಪಾದಕರನ್ನು ಕರೆದಳು. "ಇದನ್ನ ನಾಳೆ ಹಾಕ್ಬೇಡಿ."

"ಪುಟ ಆಗ್ಹೋಗಿದೆ ಅಕ್ಕ. ಓದುಗರು ಕೇಳಿಕೇಳಿ ಹಾಕಿಸ್ಕೊಂಡಿದ್ದು. ಮೊದಲ ಸಲ ಹಾಕುವಾಗ್ಲೇ ನಾನು ಅನುಮಾನ ಪಟ್ಟೆ, ಮನೆ ವಿಷಯ ಅಲ್ವಾ ಅಂತ. 'ಹೆಂಡ್ತಿಗೆ ಪೂರ್ತಿ ಓದಿ ಹೇಳಿದೀನಿ, ಬಿದ್ದು ಬಿದ್ದು ನಕ್ಲು' ಅಂದ್ರು ನಿಮ್ಮೋರು."

ತಂಗಿ ಅಕ್ಕನ ಮುಖ ನೋಡಿದಳು. ಅಕ್ಕ ನಕ್ಕದ್ದು ನಿಜವಾಗಿತ್ತು.

ಅಷ್ಟರಲ್ಲಿ ವ್ಯಾನು ಬಂತು. ನಾಲ್ವರು ಸ್ಟ್ರೆಚರ್ ಎತ್ತಿದರು. "ಇದೆಲ್ಲ ಆಮೇಲೆ ಮಾತಾಡೋಣ," ಎಂದು ಸಂಪಾದಕರು ದಾರಿ ಬಿಡಿಸಲು ಹೋದರು. ಅವಳು ಅವರಿಗಿಂತ ಮುಂದೆ ನಡೆದು, ತೆರೆದಿದ್ದ ಹಿಂಬಾಗಿಲಲ್ಲಿ, ಸ್ಟ್ರೆಚರ್ ಜಾರಿಸಬೇಕಾದ ಜಾಗದಲ್ಲೇ ಕಾಲು ಇಳಿಬಿಟ್ಟು ಕೂತಳು.

"ಅಮ್ಮಾ, ಕೂರೋ ಸೀಟು ಮುಂದಿದೆ," ಎಂದ ಚಾಲಕ.

"ನಂಗೆ ಇಲ್ಲೇ ಸರಿ." ಸಂಪಾದಕರ ಕಡೆ ತಿರುಗಿದಳು. "ಫೋನ್ ಮಾಡಿ."

"ಅಕ್ಕ, ಜನ ನೋಡ್ತಿದಾರೆ. ಅವರ ಕೊನೇ ಪ್ರಯಾಣ ಇದು."

"ಅವನಿಗೇನೂ ಅವಸರ ಇಲ್ಲ. ಫೋನ್ ಮಾಡಿ."

ಗಂಡನನ್ನು 'ಅವನು' ಎಂದು ಅವಳು ಅಂದದ್ದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

"ಬೇಗ ಮಾಡ್ರಪ್ಪಾ, ಪೇಪರಣ್ಣ ಭಾರ ಇದಾನೆ," ಎಂದ ಔಷಧಿ ಅಂಗಡಿಯವನು, ಸ್ಟ್ರೆಚರಿನ ಮುಂದಿನ ಹಿಡಿ ಹಿಡಿದಿದ್ದವನು.

ಸಂಪಾದಕರು ಫೋನ್ ತೆಗೆದರು. "ಆ ಟ್ರಾಮಿಂದು ತೆಗೀರಿ... ಹೌದ್ರೀ, ಈಗ್ಲೇ... ಜಾಗಕ್ಕೇನು? ಫೋಟೋ ದೊಡ್ಡದು ಮಾಡಿ."

ತಂಗಿ ಗೇಟಿನ ಹತ್ತಿರ ನಿಂತು ಪೂರ್ತಿ ಕೇಳಿಸಿಕೊಂಡಳು. ಬ್ಯಾಗನ್ನು ಹೆಗಲಿಗೇರಿಸಿದಳು.

"ಏ, ಇರೇ," ಎಂದಳು ಅವಳು, ಕೂತಲ್ಲಿಂದಲೇ ಜಾಗ ಸರಿಸುತ್ತ. "ಬಾ, ನನ್ನ ಪಕ್ಕ ಕೂತ್ಕೋ."

"ಬಸ್ಸಿಗೆ ಹೊತ್ತಾಯ್ತು," ಎಂದು ತಂಗಿ ಗೇಟು ದಾಟಿದಳು. ತಿರುವಿನವರೆಗೂ ಹಿಂತಿರುಗಿ ನೋಡಲಿಲ್ಲ.

ಅವಳು ಏಳಲಿಲ್ಲ. ಹೊತ್ತವರು ಕೈ ಬದಲಿಸಿಕೊಂಡರು. ಸ್ಟ್ರೆಚರ್ ಅವಳ ಮುಖದ ಮಟ್ಟಕ್ಕೆ ಬಂದು ನಿಂತಿತ್ತು, ಪಾದ ಮುಂದಾಗಿ. ಬೆಳಗ್ಗೆ ಯಾರೋ ತೊಡಿಸಿದ ಹೊಸ ಕಾಲುಚೀಲದ ಅಡಿಯಲ್ಲಿ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಬೇರೆ ದಿನವಾಗಿದ್ದರೆ ಉಗುರಲ್ಲಿ ಕೆರೆದು ಕಿತ್ತುಹಾಕುತ್ತಿದ್ದಳು. ಈಗ ಅದರ ಮೇಲೆ ಬರೆದಿದ್ದ ಅಳತೆಯನ್ನು ಒಮ್ಮೆ ಓದಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು.