ಹಗಲು ಹೊತ್ತಿನ ಕೂಗು

ಮೈಕು ಯಾರಿಗೆ ಎಂದು ಗುರುಸ್ವಾಮಿ ಕೇಳಿದಾಗ ಭವ್ಯ ಸುಳ್ಳು ಹೇಳಿದಳು.

"ಅಪ್ಪಂಗೆ ಸಾರ್. ಮಾತಾಡೋದನ್ನ ರೆಕಾರ್ಡ್ ಮಾಡ್ಬೇಕಿತ್ತು" ಎಂದಳು.

ಅಪ್ಪನಿಗೆ ಎಂಬುದು ನಿಜ. ಮಾತಾಡುವುದಕ್ಕೆ ಎಂಬುದು ಸುಳ್ಳು. ಬೇಕಾಗಿದ್ದದ್ದು ಹೊಲಕ್ಕೆ ನುಗ್ಗುವ ಕಾಡುಹಂದಿ ಓಡಿಸುವ ಕೂಗನ್ನು ಹಿಡಿದಿಡುವುದಕ್ಕೆ. ಆದರೆ ತಾನು ಕಲಿಯುವ ಚಾಮರಾಜನಗರದ ಕಂಪ್ಯೂಟರ್ ಸೆಂಟರಿನಲ್ಲಿ ನಿಂತು, ಇನ್ನಿಬ್ಬರು ಹುಡುಗಿಯರು ಟೈಪ್ ಮಾಡುತ್ತ ಕಿವಿ ಇತ್ತ ಕೊಟ್ಟಿರುವಾಗ, ನಮ್ಮಪ್ಪ ಹಂದಿಗೆ ಕೂಗಬೇಕು ಸಾರ್, ಒಳ್ಳೇ ಮೈಕು ಕೊಡಿ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಕಾಡಂಚಿನ ಹಂಗಳದವಳು ಎಂದರೆ ಸಾಕು, ಆನೆ ಮೇಲೆ ಕೂತು ಬರ್ತೀಯಾ ಎಂದು ಛೇಡಿಸುವ ಹುಡುಗಿಯರು ಅವರು.

ಗುರುಸ್ವಾಮಿಯ ಮುಖ ಅರಳಿತು. ಸೆಂಟರಿನ ಯಜಮಾನ ಅವನು. ಎರಡು ಸಾವಿರದ ಒಂಬತ್ತನೆಯ ಇಸವಿಯಲ್ಲಿ ಇಡೀ ನಗರದಲ್ಲಿ ಪಾಡ್‌ಕಾಸ್ಟ್ ಎಂಬ ಪದ ಗೊತ್ತಿದ್ದ ಒಬ್ಬನೇ ಮನುಷ್ಯ ಅವನು ಎಂದರೆ ತಪ್ಪಾಗದು. ಪ್ರತಿ ಭಾನುವಾರ ಒಳಕೋಣೆಯಲ್ಲಿ ಹೊರಗಿನ ಸದ್ದು ಬಾರದಂತೆ ಗೋಡೆಗೆಲ್ಲ ಕಂಬಳಿ ನೇತುಹಾಕಿಕೊಂಡು, ಬೆವರು ಸುರಿಸುತ್ತ, ಜಿಲ್ಲೆಯ ಹಳೆಯ ಕೆರೆಗಳ ಬಗ್ಗೆ ಅರ್ಧ ಗಂಟೆ ಮಾತಾಡಿ ಅದನ್ನು ಇಂಟರ್‌ನೆಟ್ಟಿಗೆ ಹಾಕುತ್ತಿದ್ದ. ಕೇಳುವವರು ಹನ್ನೊಂದು ಜನ. ಅದರಲ್ಲಿ ಇಬ್ಬರು ಅವನೇ, ಎರಡು ಕಂಪ್ಯೂಟರಿನಿಂದ.

"ಕೂತ್ಕೊ ಭವ್ಯ, ಹೇಳ್ತೀನಿ" ಎಂದು ಬೀರುವಿನಿಂದ ಎರಡು ಮೈಕು ತೆಗೆದ. ಎರಡೂ ಯುಎಸ್‌ಬಿ, ನೇರ ಕಂಪ್ಯೂಟರಿಗೆ ಚುಚ್ಚುವಂಥವು. ಒಂದು ಬೆಳ್ಳಿ ಬಣ್ಣದ್ದು, ಮೂರು ಕಾಲಿನ ಮೇಲೆ ನೆಟ್ಟಗೆ ನಿಂತಿತ್ತು. ಇನ್ನೊಂದು ಕರಿಯದು, ಭಾಷಣದವರು ಕೈಯಲ್ಲಿ ಹಿಡಿಯುವ ಥರದ್ದು. "ಈ ಕರಿಯಪ್ಪಂಗೆ ಕಿವಿ ಮಂದ. ತುಟಿ ತಾಗಿಸಿ ಹೇಳಿದರಷ್ಟೇ ಕೇಳ್ಸುತ್ತೆ. ಈ ಬೆಳ್ಳಿಯದು ಇರುವೆ ನಡೆದರೂ ಬರ್ಕೊಳ್ಳುತ್ತೆ. ಮನೇಲಿ ಕೂತು ನಿಧಾನಕ್ಕೆ ಮಾತಾಡೋರಿಗೆ ಇದಕ್ಕಿಂತ ಬೇರೆ ಬೇಡ. ತಗೊಂಡೋಗಿ ನೋಡು, ಆಗ್ಲಿಲ್ಲ ಅಂದ್ರೆ ವಾಪಸ್ ತಾ."

ಭವ್ಯ ಬೆಳ್ಳಿಯದನ್ನು ಬ್ಯಾಗಿಗೆ ಹಾಕಿಕೊಂಡು ಗುಂಡ್ಲುಪೇಟೆಯ ಬಸ್ಸು ಹತ್ತಿದಳು. ಸುಳ್ಳು ಹೇಳಿದವರಿಗೆ ಸುಳ್ಳಿಗೆ ತಕ್ಕ ಸಾಮಾನೇ ಸಿಗುತ್ತದೆ ಎಂಬುದು ಅವಳಿಗೆ ಆಗ ಹೊಳೆಯಲಿಲ್ಲ.

ಅವಳ ಅಪ್ಪ ಮಾರಯ್ಯನ ಹೊಲ ಕಾಡಿನ ಅಂಚಿಗೇ ಇತ್ತು. ರಾಗಿ ತೆನೆ ಕಟ್ಟಿದಂದಿನಿಂದ ಕೊಯ್ಲಿನವರೆಗೆ ಪ್ರತಿ ರಾತ್ರಿ ಅಟ್ಟಣೆಯ ಮೇಲೆ ಕೂತು ಕಾಯುವುದು ಅವನ ಕೆಲಸ. ಹಳ್ಳದ ಆಚೆಯ ಹೊಲದಲ್ಲಿ ಬೋರಯ್ಯ ಕಾಯುತ್ತಿದ್ದ. ಇವನು ಕೂಗಿದರೆ ಹಂದಿ ಓಡಬೇಕು, ಬೋರಯ್ಯ ತಿರುಗಿ ಕೂಗಬೇಕು. ಅವನು ಮೊದಲು ಕೂಗಿದರೆ ಇವನು ಉತ್ತರ ಕೊಡಬೇಕು. ಒಂದು ಬೀಡಿ ಸೇದುವಷ್ಟು ಹೊತ್ತಿನೊಳಗೆ ಉತ್ತರ ಬರಲಿಲ್ಲವೆಂದರೆ ಟಾರ್ಚು ಹಿಡಿದು ಹೋಗಿ ನೋಡಬೇಕು. ಬರೆದಿಟ್ಟ ಕಾನೂನಲ್ಲ, ಆದರೆ ಇಪ್ಪತ್ತೆರಡು ವರ್ಷ ಇಬ್ಬರೂ ಒಂದು ದಿನವೂ ತಪ್ಪಿಸಿರಲಿಲ್ಲ. ಮೂರು ವರ್ಷದ ಹಿಂದೆ ಏಣಿಯ ಮೆಟ್ಟಿಲು ಮುರಿದು ಮಾರಯ್ಯ ಕೆಳಗೆ ಬಿದ್ದು ಕಾಲು ಮುರಿದುಕೊಂಡು ಪ್ರಜ್ಞೆ ಇಲ್ಲದೆ ಮಲಗಿದ್ದಾಗ, ಐವತ್ತು ಹೆಜ್ಜೆ ದೂರದಲ್ಲಿ ಆನೆ ರಾಗಿ ಮೇಯುತ್ತಿತ್ತು. ಉತ್ತರ ಬರಲಿಲ್ಲ ಎಂದು ಹಳ್ಳ ದಾಟಿ ಬಂದ ಬೋರಯ್ಯ ಅವನನ್ನು ಹೆಗಲ ಮೇಲೆ ಹಾಕಿಕೊಂಡು ರಸ್ತೆಗೆ ತಂದಿದ್ದ.

ಈ ವರ್ಷ ಮಾರಯ್ಯನ ಗಂಟಲು ಕೈಕೊಟ್ಟಿತು. ದನಿ ಒಡೆದು, ಮಾತು ಉಸಿರಾಗಿ ಬರತೊಡಗಿತು; ಶಕ್ತಿಯೆಲ್ಲ ಹಾಕಿ ಕೂಗಿದರೆ ಮಾತ್ರ ದನಿ ಏಳುತ್ತಿತ್ತು. ದನಿಯ ನರದ ಮೇಲೆ ಗಂಟು ಎದ್ದಿದೆ, ಆರು ತಿಂಗಳು ಕೂಗುವಂತಿಲ್ಲ, ಕೂಗಿದರೆ ಹೋದ ದನಿ ತಿರುಗಿ ಬರುವುದಿಲ್ಲ ಎಂದು ಮೈಸೂರಿನ ಡಾಕ್ಟರು ಹೇಳಿದರು. ಮಾರಯ್ಯ ಅದನ್ನು ಮನೆಯಾಚೆಗೆ ಯಾರಿಗೂ ಹೇಳಲಿಲ್ಲ. ಬೋರಯ್ಯನಿಗಂತೂ ಹೇಳಲೇಬಾರದು ಎಂದು ಮಗಳಿಂದ, ಮಗನಿಂದ ಆಣೆ ಹಾಕಿಸಿಕೊಂಡ. ಒಂದು ಸಲ ಅವನ ಹೆಗಲ ಮೇಲೆ ಹೋಗಿದ್ದು ಸಾಲದೇ ಎಂಬ ನಾಚಿಕೆ ಅವನಿಗೆ.

ಉಪಾಯ ಹುಡುಕಿದವಳು ಭವ್ಯ. ಒಂದು ಒಳ್ಳೆಯ ಕೂಗನ್ನು ರೆಕಾರ್ಡ್ ಮಾಡಿ, ಅದರ ಹಿಂದೆ ಕಾಲು ಗಂಟೆಯ ಮೌನ ಸೇರಿಸಿ, ಅಣ್ಣ ಶಾಂತರಾಜುವಿನ ಚೈನಾ ಸೆಟ್ಟಿಗೆ ಹಾಕಿದರೆ ಆಯಿತು. ನಾಲ್ಕು ಸ್ಪೀಕರಿನ ಆ ಫೋನು ಮೂರು ಬೀದಿಗೆ ಹಾಡು ಕೇಳಿಸುತ್ತಿತ್ತು. ತನ್ನಷ್ಟಕ್ಕೇ ರಾತ್ರಿಯೆಲ್ಲ ಕೂಗಿಕೊಂಡಿರುತ್ತದೆ, ಬೋರಯ್ಯ ಮೊದಲು ಕೂಗಿದರೆ ಗುಂಡಿ ಒತ್ತಿದರಾಯಿತು, ಅವನಿಗೂ ಗೊತ್ತಾಗುವುದಿಲ್ಲ. ಆ ಫೋನಿನಲ್ಲೇ ರೆಕಾರ್ಡ್ ಮಾಡಲು ನೋಡಿದ್ದರು. ಡಬ್ಬದೊಳಗೆ ಸೊಳ್ಳೆ ಬಿಟ್ಟ ಹಾಗೆ ಬಂತು. ಹಾಗಾಗಿ ಮೈಕು.

"ಮೂರೇ ಮೂರು ಸಲ" ಎಂದಳು ಅವ್ವ ದೊಡ್ಡಮಾದಮ್ಮ. "ಅದ್ರ ಮ್ಯಾಲೆ ಒಂದು ಕೂಗಿದ್ರೆ ಅಪ್ಪ ಮಗಳು ಇಬ್ರಿಗೂ ಉಣ್ಣಾಕೆ ಇಟ್ಟಿಲ್ಲ ನೋಡು."

ನಡುಮನೆಯಲ್ಲಿ ಭವ್ಯಳ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರಿನ ಮುಂದೆ ಮಾರಯ್ಯ ಕುರ್ಚಿಯಲ್ಲಿ ಕೂತ. ಬೆಳ್ಳಿ ಮೈಕು ಅವನ ಮೂತಿಗೆ ಗೇಣು ದೂರದಲ್ಲಿ. ಗುರುಸ್ವಾಮಿ ಹೇಳಿಕೊಟ್ಟ ಅಳತೆ ಅದು. ಮಾರಯ್ಯ ಉಸಿರು ಎಳೆದು ಕೂಗಿದ. ಪರದೆಯ ಮೇಲೆ ದನಿಯ ಜೋರು ತೋರಿಸುವ ಹಸಿರು ಪಟ್ಟಿ ಒಂದೇ ಏಟಿಗೆ ಕೆಂಪಾಗಿ ತುದಿಗೆ ಬಡಿಯಿತು. ತಿರುಗಿ ಹಾಕಿದರೆ ಕರ್ರ್ ಎಂಬ ಸದ್ದು ಬಿಟ್ಟರೆ ಏನಿಲ್ಲ. ಆದರೆ ಆ ಸದ್ದು ನಿಂತ ಮೇಲೆ ಹಿತ್ತಲಿನ ಕೋಳಿ ಕೆದಕುವುದು, ಅವ್ವ ಒಲೆ ಊದುವುದು, ಎಲ್ಲ ಚೆನ್ನಾಗಿ ಕೇಳಿಸಿತು. ಒಂದು ಕೂಗು ನೀರಿಗೆ ಬಿತ್ತು. ಮೈಕನ್ನು ಮೇಜಿನ ಕೊನೆಗೆ ಸರಿಸಿ ಎರಡನೆಯ ಸಲ ಕೂಗಿಸಿದಳು. ಮತ್ತೆ ಅದೇ ಕರ್ರ್.

ಮಾರಯ್ಯ ಗಂಟಲು ಹಿಡಿದುಕೊಂಡು ಕೂತ. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. ದೊಡ್ಡಮಾದಮ್ಮ ಬಿಸಿನೀರು ಕೊಟ್ಟು, ಮಗಳ ಕಡೆ ನೋಡಿದಳೇ ಹೊರತು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಎನಿಸಿತು ಭವ್ಯಳಿಗೆ. ನನ್ನ ನಾಚಿಕೆಗೆ ಅಪ್ಪನ ಎರಡು ಕೂಗು ಹೋಯಿತಲ್ಲ ಎಂದು ಅವಳಿಗೆ ಅಳು ಬಂತು.

ಮಾರನೆಯ ದಿನ ಆ ಇಬ್ಬರು ಹುಡುಗಿಯರ ಎದುರಿಗೇ ಗುರುಸ್ವಾಮಿಗೆ ಎಲ್ಲ ಹೇಳಿದಳು. ಹಂದಿ, ಅಟ್ಟಣೆ, ಗಂಟಲು, ಉಳಿದಿರುವ ಒಂದು ಕೂಗು. ಯಾರೂ ನಗಲಿಲ್ಲ.

"ಮೊದಲೇ ಹೇಳ್ಬಾರ್ದಿತ್ತಾ?" ಎಂದ ಗುರುಸ್ವಾಮಿ. ಕರಿಯ ಮೈಕನ್ನು ಅವಳ ಕೈಗೆ ಕೊಟ್ಟ. "ಜೋರು ದನಿಗೆ ಇದೇ ಸರಿ. ಎಷ್ಟು ಕೂಗಿದ್ರೂ ದನಿ ಕರ್ರ್ ಅಂತ ಹರಿಯಲ್ಲ. ಆದ್ರೂ ಬೆಳ್ಳಿಯದನ್ನೂ ಇಟ್ಕೊಂಡಿರು. ನಾನು ಕಂಬಳಿಯೊಳಗೆ ಕೂತು ಮಾತಾಡೋನು, ಬಯಲಿನ ಕೂಗು ನಂಗೂ ಗೊತ್ತಿಲ್ಲ."

ಕರಿಯದರಲ್ಲಿ ಭವ್ಯ ಮೊದಲು ತಾನೇ ಕೂಗಿ ನೋಡಿದಳು. ಹರಿಯಲಿಲ್ಲ, ನಿಜ. ಆದರೆ ಕೊಡದೊಳಗೆ ತಲೆಯಿಟ್ಟು ಕೂಗಿದ ಹಾಗೆ ಕೇಳಿಸಿತು. ಹೊಲವನ್ನು ದಾಟಿ ಹೋಗುವ ಕೂಗು ಅದಾಗಿರಲಿಲ್ಲ. ಅವಳು ಎರಡು ಮೈಕನ್ನೂ ಮುಂದಿಟ್ಟುಕೊಂಡು ಯೋಚಿಸಿದಳು. ಅಪ್ಪನ ಕೂಗನ್ನು ಯಾವ ಹಂದಿಯೂ ಗೇಣು ದೂರದಿಂದ ಕೇಳಿಲ್ಲ. ಬೋರಯ್ಯ ಮಾವನೂ ಕೇಳಿಲ್ಲ. ದೂರದಿಂದ ಕೇಳಬೇಕಾದ್ದನ್ನು ಹತ್ತಿರ ಹಿಡಿದು ತಾನು ಕೆಡಿಸಿದ್ದು. ಬೆಳ್ಳಿಯದೇ ಸರಿ, ದೂರದಲ್ಲಿಡಬೇಕು ಅಷ್ಟೆ.

ಮಾರಯ್ಯನೂ ಅದೇ ಮಾತು ಬೇರೆ ಥರ ಹೇಳಿದ. "ಗ್ವಾಡೆ ನೋಡ್ಕಂಡು ಎಂಗವ್ವ ಕೂಗದು? ಒಲಕ್ಕೆ ಓಗನ."

ಹೊಲದಲ್ಲಿ ಕರೆಂಟು ಇದ್ದದ್ದು ಪಂಪ್‌ಸೆಟ್ ಮನೆಯಲ್ಲಿ ಮಾತ್ರ, ಅದೂ ಆ ವಾರ ಮಧ್ಯಾಹ್ನ ಎರಡರಿಂದ ಐದು. ಶಾಂತರಾಜು ಕಂಪ್ಯೂಟರನ್ನು ದುಪ್ಪಟಿಯಲ್ಲಿ ಸುತ್ತಿ ಮೊಪೆಡ್ಡಿನ ಮೇಲೆ ಎರಡು ಸಲಕ್ಕೆ ಸಾಗಿಸಿದ. ದಪ್ಪ ಮಾನಿಟರನ್ನು ಮಡಿಲಲ್ಲಿ ಇಟ್ಟುಕೊಂಡು ಹಿಂದೆ ಕೂತ ಭವ್ಯಳನ್ನು ನೋಡಿ ದಾರಿಯಲ್ಲಿದ್ದ ಮಂಗಮ್ಮ, "ಒಲಕ್ಕೆ ಟೀವಿ ಯಾಕಮ್ಮಿ, ಹಂದಿಗೆ ಪಿಚ್ಚರ್ ತೋರ್ಸೀರಾ?" ಎಂದಳು.

ಪಂಪ್‌ಸೆಟ್ ಮನೆಯ ಬಾಗಿಲಲ್ಲಿ ಮೈಕು ನಿಂತಿತು. ಅಲ್ಲಿಂದ ಅಟ್ಟಣೆಗೆ ಇಪ್ಪತ್ತು ಹೆಜ್ಜೆ. ಭವ್ಯ ದನಿಯ ಅಳತೆಯನ್ನು ತಗ್ಗಿಸಿ, ಮೋಟರು ಆಫ್ ಮಾಡಿಸಿ, ಕೈ ಎತ್ತಿದಳು. ಮಾರಯ್ಯ ಅಟ್ಟಣೆಯ ಮೇಲೆ ನಿಂತು ಟವೆಲ್ಲನ್ನು ತಲೆಗೆ ಸುತ್ತಿದ. ಕಾಡಿನ ಕಡೆ ನೋಡಿದ. ಆಮೇಲೆ ಬಾಯಿಗೆ ಕೈ ಅಡ್ಡ ಕೊಟ್ಟು ಕೂಗಿದ.

"ಓ... ಹೋ... ಹೋಯ್!"

ರಾಗಿಯ ಮೇಲೆ ಆ ಕೂಗು ಹೋಗಿ ಹಳ್ಳದಾಚೆ ಇಳಿಯುವವರೆಗೂ ಭವ್ಯ ಉಸಿರು ಬಿಡಲಿಲ್ಲ. ಪಟ್ಟಿ ಹಸಿರಾಗಿಯೇ ಉಳಿಯಿತು. ಹೆಡ್‌ಫೋನು ಹಾಕಿಕೊಂಡು ಕೇಳಿದಳು. ಅಪ್ಪನ ದನಿ ಇಡಿಯಾಗಿ ಬಂದಿತ್ತು. ಒಂದು ಎಳೆಯೂ ಹರಿದಿರಲಿಲ್ಲ. ಅವಳಿಗೆ ಕುಣಿಯುವಷ್ಟು ಸಂತೋಷವಾಯಿತು. ನಂತರ ಗಾಳಿ, ರಾಗಿಯ ಸದ್ದು. ಅದರ ಹಿಂದೆ, ಬಹಳ ದೂರದಿಂದ, ಇನ್ನೊಂದು ದನಿ.

"ಹೋಯ್!"

ಹಳ್ಳದಾಚೆ ತನ್ನ ಹೊಲದ ಆ ತುದಿಯಲ್ಲಿ ಅವರೆ ಬಿಡಿಸುತ್ತಿದ್ದ ಬೋರಯ್ಯ ಉತ್ತರ ಕೊಟ್ಟಿದ್ದ. ಹಗಲಿನ ಗಾಳಿಯಲ್ಲಿ ಅದು ಬರಿಯ ಕಿವಿಗೆ ಅವರಾರಿಗೂ ಕೇಳಿಸಿರಲಿಲ್ಲ. ಬೆಳ್ಳಿ ಮೈಕು ಬಿಟ್ಟಿರಲಿಲ್ಲ.

ಮಾರಯ್ಯ ಇಳಿದು ಬಂದು ಬಾಗಿಲ ಮೆಟ್ಟಿಲ ಮೇಲೆ ಕೂತು ಹೆಡ್‌ಫೋನು ಹಾಕಿಕೊಂಡ. ತನ್ನ ಕೂಗು ಬಂದಾಗ ತಲೆಯಾಡಿಸಿದ. ಎರಡನೆಯದು ಬಂದಾಗ ಕಣ್ಣು ಮುಚ್ಚಿದ. ಬೆರಳು ಸುತ್ತಿ, ಇನ್ನೊಮ್ಮೆ ಹಾಕು ಎಂದು ಸನ್ನೆ ಮಾಡಿದ. ಇನ್ನೊಮ್ಮೆ, ಮತ್ತೊಮ್ಮೆ.

ಅವನ ಕಿವಿ ಮುಚ್ಚಿದ್ದರಿಂದ ಬದುವಿನ ಮೇಲೆ ಯಾರೋ ಓಡಿಬರುತ್ತಿದ್ದದ್ದು ಅವನಿಗೆ ತಿಳಿಯಲಿಲ್ಲ. ಭವ್ಯ ನೋಡಿದಳು. ಬೋರಯ್ಯ ಪಂಚೆ ಎತ್ತಿ ಕಟ್ಟಿ, ಕೈಯಲ್ಲಿ ಮಚ್ಚು ಹಿಡಿದು, ಒಂದು ಕಾಲಿಗೆ ಮಾತ್ರ ಚಪ್ಪಲಿ ಉಳಿದು, ಮೊಣಕಾಲವರೆಗೆ ಹಳ್ಳದ ಕೆಸರು ಮೆತ್ತಿಕೊಂಡು ಬರುತ್ತಿದ್ದ. ಅರವತ್ತರ ಹತ್ತಿರದ ಮನುಷ್ಯ. ಬಂದವನು ಬಾಗಿಲ ಕಂಬ ಹಿಡಿದು ನಿಂತು ಏದುಸಿರು ಬಿಟ್ಟ.

"ಏನಾಯ್ತವ್ವ? ಆನೆಯಾ? ಯಾರಿಗೇನಾಯ್ತು?"

"ಏನೂ ಆಗಿಲ್ಲ ಮಾವ" ಎಂದಳು ಭವ್ಯ.

"ಏನೂ ಆಗ್ದೆ ಇವ್ನು ಹಗಲೊತ್ನಲ್ಲಿ ಕೂಗ್ತಾನಾ?"

ಆಗ ಮಾರಯ್ಯ ಕಣ್ಣು ಬಿಟ್ಟ. ಕಿವಿಯಲ್ಲಿ ಯಾವನ ದನಿ ಕೇಳುತ್ತಿದ್ದನೋ ಅವನೇ ಎದುರಿಗೆ ನಿಂತಿದ್ದ. ನಿಧಾನವಾಗಿ ಹೆಡ್‌ಫೋನು ತೆಗೆದ. ಸುಳ್ಳು ಹೇಳಲು ಅವನಿಗೆ ದನಿಯೇ ಇರಲಿಲ್ಲ. ಉಸಿರಿನಲ್ಲೇ ಹೇಳಿದ. "ಗಂಟ್ಲು ಓಗ್ಯದೆ ಕಣ್ಲಾ ಬೋರ. ಕೂಗ್ಬ್ಯಾಡ ಅಂದವ್ರೆ ಡಾಕ್ಟ್ರು. ಅದ್ಕೆ ಒಂದ್ಸಲ ಕೂಗಿ ಇಟ್ಕಳನ ಅಂತ ಬಂದೊ. ರಾತ್ರಿಯೆಲ್ಲ ಅದೇ ಕೂಗ್ತದೆ. ನಿಂಗೆ ಗೊತ್ತಾಗ್ದಂಗೆ."

"ನಂಗೆ ಗೊತ್ತಾಗ್ದಂಗೆ" ಎಂದ ಬೋರಯ್ಯ.

ಮಚ್ಚನ್ನು ನೆಲಕ್ಕೆ ಹಾಕಿ ಅವನ ಪಕ್ಕದಲ್ಲಿ ಕೂತ. ಕಾಲಿನ ಕೆಸರನ್ನು ಕಡ್ಡಿಯಲ್ಲಿ ಕೆರೆದ. ಆಮೇಲೆ ಹೇಳಿದ. "ಏಣಿಯಿಂದ ಇನ್ನೊಂದ್ಸಲ ಬಿದ್ದಿದ್ರೆ? ನೀನು ಕೆಳಗೆ ಬಿದ್ದಿರ್ತಿದ್ದೆ. ಇದು ಮ್ಯಾಲೆ ಕೂಗ್ತಾ ಇರ್ತಿತ್ತು. ಮಾರ ಚೆಂದಾಗವ್ನೆ ಅನ್ಕಂಡು ನಾನು ಬೀಡಿ ಸೇದ್ಕಂಡು ಕೂತಿರ್ತಿದ್ದೆ. ಅಲ್ವೇನ್ಲಾ?"

ಮೈಕು ಯಾವುದು, ಎಷ್ಟು ದೂರ, ಪಟ್ಟಿ ಹಸಿರೋ ಕೆಂಪೋ ಎಂದು ಎಲ್ಲ ಯೋಚಿಸಿದ್ದ ಭವ್ಯ ಇದೊಂದನ್ನು ಯೋಚಿಸಿರಲಿಲ್ಲ.

"ಅಳಿಸ್ಬುಡವ್ವ" ಎಂದ ಮಾರಯ್ಯ.

"ಯಾಕ್ ಅಳಿಸದು? ಹಂದಿ ಓಡ್ಬ್ಯಾಡ್ವಾ?" ಎಂದ ಬೋರಯ್ಯ. "ಕೇಳ್ಸು, ನಾನೂ ನೋಡನ." ಹೆಡ್‌ಫೋನನ್ನು ಉಲ್ಟಾ ಹಾಕಿಕೊಂಡು ಕೇಳಿದ. ಗೆಳೆಯನ ಕೂಗಿಗೆ, "ಭೇಷ್, ಎಳೇ ವಯಸ್ಸಿನ್ ದನಿ ಬಂದದೆ" ಎಂದು ನಕ್ಕ. ತನ್ನದು ಬಂದಾಗ ನಗು ನಿಂತಿತು. "ಇದು ನಂದಲ್ವಾ? ಇದ್ನ ತೆಗ್ದಾಕವ್ವ. ನಾನು ಬದುಕಿವ್ನಿ, ನಾನೇ ಕೂಗ್ತೀನಿ."

ಭವ್ಯ ಅಲ್ಲೇ ಕೂತು ಆ ತುಂಡನ್ನು ಕತ್ತರಿಸಿ ತೆಗೆದಳು.

ಕೂಗು ಹಂದಿಗೆ ಇರಲಿ, ನಮ್ಮಿಬ್ಬರಿಗೆ ಬೇರೆ ಇರಲಿ ಎಂದು ಬೋರಯ್ಯನೇ ತೀರ್ಮಾನ ಮಾಡಿದ. ಪಂಪ್‌ಸೆಟ್ ಮನೆಯ ಮೂಲೆಯಲ್ಲಿ ಬಿದ್ದಿದ್ದ ಹಳೆಯ ನೇಗಿಲ ಕಬ್ಬಿಣದ ಗುಳವನ್ನು ತಂತಿ ಕಟ್ಟಿ ಅಟ್ಟಣೆಗೆ ನೇತುಹಾಕಿದ. ಪಕ್ಕದಲ್ಲಿ ಒಂದು ಕಬ್ಬಿಣದ ಸರಳನ್ನು ಇಟ್ಟ. ಇನ್ನು ಮೇಲೆ ಗುಳದ ಸದ್ದಿಗೆ ಮಾತ್ರ ತಾನು ಉತ್ತರ ಕೊಡುವುದು ಎಂದ. ಹೋಗುವಾಗ ಹಳ್ಳದಲ್ಲಿ ಚಪ್ಪಲಿ ಹುಡುಕಿಕೊಂಡು ಹೋದ.

ಎರಡು ದಿನ ಬಿಟ್ಟು, ಹೊತ್ತು ಮುಳುಗುವಾಗ, ಅಪ್ಪನಿಗೆ ಬುತ್ತಿ ತಂದ ಭವ್ಯ ಅಟ್ಟಣೆಯ ಕೆಳಗೆ ನಿಂತಿದ್ದಳು. ಮಾರಯ್ಯ ಚೈನಾ ಸೆಟ್ಟಿನ ಗುಂಡಿ ಒತ್ತಿದ.

"ಓ... ಹೋ... ಹೋಯ್!"

ಕೂಗು ರಾಗಿಯ ಮೇಲೆ ಹಾದುಹೋಯಿತು. ಹಳ್ಳದಾಚೆಯಿಂದ ಉತ್ತರವಿಲ್ಲ. ಹಾಗೆಂದೇ ಮಾತಾಗಿದ್ದರೂ ಮಾರಯ್ಯನ ಮುಖ ಸಣ್ಣದಾಯಿತು. ಇಪ್ಪತ್ತೆರಡು ವರ್ಷದಲ್ಲಿ ತನ್ನ ಕೂಗು ಹೀಗೆ ಸುಮ್ಮನೆ ಹೋದದ್ದನ್ನು ಅವನು ಕೇಳಿರಲಿಲ್ಲ. ಸರಳು ತೆಗೆದುಕೊಂಡು ಗುಳಕ್ಕೆ ಒಂದೇ ಏಟು ಹೊಡೆದ.

ಆ ಸದ್ದು ಇನ್ನೂ ಆರಿರಲಿಲ್ಲ. "ಹೋಯ್!" ಎಂದು ಬೋರಯ್ಯನ ದನಿ ಬಂತು. ಬೀಡಿ ಹಚ್ಚುವಷ್ಟು ಹೊತ್ತೂ ಆಗಿರಲಿಲ್ಲ.