ಹನ್ನೊಂದು ದಿನದ ಸಿಕ್ಕು

ಚಿಕ್ಕವ್ವನ ವಿಷಯ ಹೇಳಬೇಕಾದರೆ ಮೊದಲು ನನ್ನ ತಲೆಯ ವಿಷಯ ಹೇಳಬೇಕು. ಅದು ನನಗೆ ಇಷ್ಟವಿಲ್ಲದ ಮಾತು, ಆದರೂ ಹೇಳುತ್ತೇನೆ. ಹುಟ್ಟಿದಾಗಿನಿಂದ ನನ್ನ ಕೂದಲು ಮೊಂಡು. ಎಣ್ಣೆ ಹಾಕಿದರೆ ಒಂದು ಗಳಿಗೆ ಸುಮ್ಮನಿರುತ್ತಿತ್ತು, ಬಿಸಿಲಿಗೆ ಹೋದರೆ ಮತ್ತೆ ಎದ್ದು ನಿಲ್ಲುತ್ತಿತ್ತು. ನಮ್ಮೂರು ಮಿರ್ಲೆಯ ಸ್ಕೂಲಿನಲ್ಲಿ ನನ್ನ ಹಿಂದೆ ಕೂತವರಿಗೆ ಬೋರ್ಡು ಕಾಣಿಸುವುದಿಲ್ಲವೆಂದು ಮೇಷ್ಟ್ರು ನನ್ನನ್ನು ಕೊನೆಯ ಸಾಲಿಗೆ ಕಳಿಸಿದ್ದರು. ಗುಬ್ಬಿಗೂಡು ಎನ್ನುವುದು ನನ್ನ ಅಡ್ಡಹೆಸರು. ಗುರುಶಾಂತಮ್ಮ ಎಂಬ ಒಳ್ಳೆಯ ಹೆಸರು ಇದ್ದದ್ದು ಹಾಜರಿ ಪುಸ್ತಕದಲ್ಲಿ ಮಾತ್ರ.

ಐವತ್ತೈದನೇ ಇಸವಿಯಲ್ಲಿ, ನನಗೆ ಹನ್ನೊಂದು ವರ್ಷವಾಗಿದ್ದಾಗ, ಅಪ್ಪನ ತಮ್ಮ ಸಿದ್ದಮಲ್ಲಪ್ಪನಿಗೆ ಹುಣಸೂರಿನಿಂದ ಹೆಣ್ಣು ತಂದರು. ಹೆಸರು ಮಂಗಳಗೌರಿ, ಹೊಗೆಸೊಪ್ಪಿನ ವ್ಯಾಪಾರಸ್ಥರ ಮಗಳು. ಮದುವೆಯಾಗಿ ಬಂದ ಮೇಲೆ ಮೊದಲ ಸಲ ತಲೆಗೆ ನೀರು ಹಾಕಿಕೊಂಡು ಹಜಾರಕ್ಕೆ ಬಂದಳು ನೋಡಿ, ಮನೆಯವರೆಲ್ಲ ಬಾಯಿ ಬಿಟ್ಟರು. ಅವಳದ್ದೂ ನನ್ನ ಹಾಗೇ ಗುಂಗುರು. ನಮ್ಮಜ್ಜಿ ಪುಟ್ಟಮಲ್ಲಮ್ಮ ಸುಮ್ಮನಿರುವ ಪೈಕಿಯಲ್ಲ.

"ಮದ್ವೆ ದಿನ ಮೊಗ್ಗಿನ ಜಡೆ ಒಳಗೆ ಈ ಪರಟೆ ತಲೇನ ಮುಚ್ಚಾಕಿ ಕಳುಸ್ಬುಟ್ಟವ್ರೆ ಕಣೆ ರಾಚಿ" ಎಂದು ನಮ್ಮವ್ವನಿಗೆ ಕೇಳಿಸುವಂತೆ, ಅಂದರೆ ಹೊಸ ಸೊಸೆಗೂ ಕೇಳಿಸುವಂತೆ, ಹೇಳಿದಳು.

ನಾನು ಚಿಕ್ಕವ್ವನ ಪರ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ನನಗಿಂತ ದೊಡ್ಡ ಗುಬ್ಬಿಗೂಡು ಮನೆಗೆ ಬಂತಲ್ಲ ಎಂದು ಒಳಗೊಳಗೇ ಖುಷಿಪಟ್ಟೆ. ಅವಳ ಕೂದಲು ಒಣಗಿದ ಮೇಲೆ ತಣ್ಣಗೆ ಬೆನ್ನಿಗೆ ಅಂಟಿ ಕೂರುವುದು ಹೇಗೆ, ನನ್ನದೇಕೆ ಕೂರುವುದಿಲ್ಲ ಎಂದು ಕೇಳುವ ಬುದ್ಧಿಯೂ ನನಗೆ ಬರಲಿಲ್ಲ.

ಆಷಾಢಕ್ಕೆ ಹೊಸ ಸೊಸೆ ತವರಿಗೆ ಹೋಗುವುದು ವಾಡಿಕೆಯಲ್ಲವೇ, ಚಿಕ್ಕವ್ವ ಹುಣಸೂರಿಗೆ ಹೋದಳು. ಅವಳು ಹೋದ ವಾರಕ್ಕೇ ನನಗೆ ಜ್ವರ ಹಿಡಿಯಿತು. ಇಪ್ಪತ್ತೊಂದು ದಿನದ ಜ್ವರ. ನಾನು ಬದುಕುವುದಿಲ್ಲ ಎಂದೇ ಎಲ್ಲರೂ ತಿಳಿದಿದ್ದರಂತೆ. ತಲೆಗೆ ಬಾಚಣಿಗೆ ಮುಟ್ಟಿಸಿದರೆ ಜೀವ ಹೋಗುವ ಹಾಗೆ ಕೂಗುತ್ತಿದ್ದೆ, ಹಾಗಾಗಿ ಯಾರೂ ಮುಟ್ಟಲಿಲ್ಲ. ಜ್ವರ ಬಿಟ್ಟು ಪಥ್ಯ ಮುಗಿದ ಮೇಲೆ ಅವ್ವ ಬಾಚಲು ಕೂತಳು. ಬಾಚಣಿಗೆಯ ಮೂರು ಹಲ್ಲು ಮುರಿಯಿತು. ಹಿಂದಲೆಯಲ್ಲಿ ಕೂದಲೆಲ್ಲ ಒಂದೇ ಬೆರಣಿಯಂತೆ ಗಟ್ಟಿಯಾಗಿ, ಕೆಳಗೆ ಎರಡು ಹಗ್ಗವಾಗಿ ಇಳಿದಿತ್ತು.

ಅಜ್ಜಿ ಬಂದು ಮುಟ್ಟಿ ನೋಡಿದಳು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ನನ್ನ ತಲೆಗೆ ಕೈಮುಗಿದಳು.

"ಇದು ಸಿಕ್ಕಲ್ಲ ಕಣೆ ರಾಚಿ, ಜಡೆ. ಕೂಸಿನ ಜೀವ ಉಳ್ಸವ್ನೆ ಸ್ವಾಮಿ. ಉಳ್ಸಿ ತನ್ನ ಗುರ್ತು ಮಡಗವ್ನೆ."

ನಮ್ಮ ಭಾಷೆಯ ಚಂದ ನೋಡಿ. ನಾವು ಹೆಣೆದುಕೊಂಡರೂ ಜಡೆ, ದೇವರು ಹಾಕಿದರೂ ಜಡೆ. ಒಂದಕ್ಕೆ ಹೂ ಮುಡಿಸುತ್ತಾರೆ, ಇನ್ನೊಂದಕ್ಕೆ ಕೈಮುಗಿಯುತ್ತಾರೆ. ಕೈಮುಗಿಸಿಕೊಂಡ ಹುಡುಗಿಗೆ ಸ್ಕೂಲಿಲ್ಲ, ಮದುವೆಯಿಲ್ಲ. ಮನೆದೇವರ ಬೆಟ್ಟಕ್ಕೆ ಕರೆದುಕೊಂಡು ಹೋಗಿ ಕೊರಳಿಗೆ ರುದ್ರಾಕ್ಷಿ ಕಟ್ಟಿ ಬಿಟ್ಟು ಬರುತ್ತಾರೆ. ಆಮೇಲೆ ಜೋಳಿಗೆ ಹಿಡಿದು ಊರೂರು ತಿರುಗುವುದು. ಅಜ್ಜಿ ಕೆಟ್ಟವಳಲ್ಲ, ಅವಳಿಗೆ ಅದು ಹೆಮ್ಮೆಯ ಸಂಗತಿ. ಶ್ರಾವಣದ ಮೂರನೇ ಸೋಮವಾರ ಎಂದು ದಿನವನ್ನೂ ಗೊತ್ತು ಮಾಡಿದಳು. ಕತ್ತರಿ ಮುಟ್ಟಿಸಿದರೆ ಮನೆಗೆ ಕೇಡು ಎಂದಳು. ಅಪ್ಪ ಅಜ್ಜಿಯ ಮಾತು ಮೀರುವವನಲ್ಲ, ದನ ಕಟ್ಟುವ ನೆಪದಲ್ಲಿ ಕೊಟ್ಟಿಗೆ ಸೇರಿದ. ನಮ್ಮವ್ವ ಒಲೆಯ ಮುಂದೆ ಕೂತು ಅತ್ತಳು. ನಾನು ಐದನೇ ಕ್ಲಾಸು ಓದಬೇಕು ಎಂದು ಎಲ್ಲರಿಗೂ ಹೇಳಿದೆ. ಕೇಳುವವರು ಯಾರು?

ಅಂಥ ಹೊತ್ತಿಗೆ, ಒಂದು ಗುರುವಾರ ಬೆಳಿಗ್ಗೆ, ಚಿಕ್ಕವ್ವ ತವರಿನಿಂದ ಬಂದಳು. ಬಟ್ಟೆ ಗಂಟನ್ನು ಇಳಿಸಿ ಕಾಲು ತೊಳೆದು ನೇರ ನನ್ನ ಹತ್ತಿರ ಬಂದು, ಎಲ್ಲರೂ ಕೈಮುಗಿಯುತ್ತಿದ್ದ ಆ ತಲೆಯೊಳಗೆ ಬೆರಳು ತೂರಿಸಿದಳು. ಅಜ್ಜಿ ವಿಷಯವೆಲ್ಲ ಹೇಳಿ ಮುಗಿಸುವ ತನಕ ಬೆರಳನ್ನು ತೆಗೆಯಲೇ ಇಲ್ಲ.

"ಅತ್ತೆಮ್ಮ, ದೇವ್ರು ಕೊಟ್ಟ ಜಡೆ ಆದ್ರೆ ನಾವು ಬುಡ್ಸುದ್ರೂ ಬುಡಾಕಿಲ್ಲ ಅಲ್ವ್ರಾ?" ಎಂದಳು.

"ಬುಟ್ಟಾದ? ಯಾರಪ್ಪನ ಕೈಲಾದದು?"

"ಅಂಗಾರೆ ಒಂದ್ಸಲ ಬುಡ್ಸಿ ನೋಡ್ಬುಡ್ತೀನಿ. ಕತ್ರಿ ಮುಟ್ಸಾಕಿಲ್ಲ, ಕೀಳಾಕಿಲ್ಲ. ಬುಡ್ನಿಲ್ಲ ಅಂದ್ರೆ ಸ್ವಾಮಾರ ನಾನೇ ಇವ್ಳ ಕೈ ಇಡ್ಕಂಡು ಬೆಟ್ಟಕ್ಕೆ ಕರ್ಕಂಡೋಯ್ತೀನಿ."

ಅಜ್ಜಿ ಸಿಕ್ಕಿಬಿದ್ದಳು. ಬೇಡ ಎಂದರೆ ದೇವರ ಮೇಲೆ ತನಗೇ ನಂಬಿಕೆ ಇಲ್ಲವೆಂದ ಹಾಗೆ. ಮೂರು ತಿಂಗಳ ಸೊಸೆ, ಊರಿಗೆಲ್ಲ ಬುದ್ಧಿ ಹೇಳುವ ಅತ್ತೆಯನ್ನು ಒಂದೇ ಮಾತಿನಲ್ಲಿ ಕಟ್ಟಿಹಾಕಿದ್ದಳು. "ಮನೆಗೆಲ್ಸ ನಿಲ್ಲಂಗಿಲ್ಲ" ಎಂದಷ್ಟೇ ಹೇಳಿ ಅಜ್ಜಿ ಒಳಗೆ ಹೋದಳು. ಸೋಮವಾರಕ್ಕೆ ಮುಂಚೆ ಹನ್ನೊಂದು ದಿನವಿತ್ತು.

ರಾಗಿ ಬೀಸಿ, ಪಾತ್ರೆ ತೊಳೆದು, ಗದ್ದೆಗೆ ಬುತ್ತಿ ಕಳಿಸಿ, ಮಧ್ಯಾಹ್ನದ ಮೇಲೆ ಚಿಕ್ಕವ್ವ ಹಿತ್ತಲ ಜಗಲಿಯಲ್ಲಿ ಕೂರುತ್ತಿದ್ದಳು, ನಾನು ಅವಳ ಮೊಣಕಾಲುಗಳ ನಡುವೆ. ಮೊದಲೆರಡು ದಿನ ಬಿಡಿಸುವ ಗೋಜಿಗೇ ಹೋಗಲಿಲ್ಲ. ಮನೆಯಲ್ಲಿ ಕಾಸಿದ ಹರಳೆಣ್ಣೆಯನ್ನು ಉಗುರುಬೆಚ್ಚಗೆ ಮಾಡಿ, ಗಂಟಿನೊಳಕ್ಕೆ ಒತ್ತಿ ಒತ್ತಿ ಇಳಿಸಿ, ಹಳೆಯ ಸೀರೆಯ ಬಟ್ಟೆ ಸುತ್ತಿ ಬಿಟ್ಟಳು. ನನ್ನ ದಿಂಬು, ಚಾಪೆ, ಕಿವಿ ಎಲ್ಲ ಎಣ್ಣೆ. ಮೂರನೇ ದಿನ ದಾಸವಾಳದ ಎಲೆಯನ್ನೂ ನೆನೆಸಿದ ಮೆಂತ್ಯವನ್ನೂ ಅರೆದು ಹಿಂಡಿದ ಲೋಳೆ. ಅದಾದ ಮೇಲೆ ಎಳೆ ಬೆಂಡೆಕಾಯಿ ಬೇಯಿಸಿದ ನೀರು. "ತಲೆ ಮ್ಯಾಲೆ ಗೊಜ್ಜು ಮಾಡೀಯಾ ಗೌರಿ?" ಎಂದು ಪಕ್ಕದ ಮನೆಯ ತಿಮ್ಮಮ್ಮ ಬೇಲಿಯಾಚೆಯಿಂದ ನಕ್ಕಳು. "ಮಾಡ್ತೀನಿ ಕಣಕ್ಕ, ಒಗ್ಗರಣೆಗೆ ನೀ ಬಾ" ಎಂದು ಚಿಕ್ಕವ್ವನೂ ನಕ್ಕಳು.

ಅವ್ವ ಸೀಗೆಪುಡಿ ತಂದು ಕೊಟ್ಟಾಗ ಮಾತ್ರ ಮುಟ್ಟಲಿಲ್ಲ.

"ಸೀಗೆ ನಿಮ್ಮಂತ ನೆಟ್ಗಿರೋ ಕೂದ್ಲಿಗೆ ಕಣಕ್ಕ. ನಮ್ಮಂತವ್ಕೆ ಅದು ಇರೋ ಜಿಡ್ಡೂ ಕಿತ್ಕಂಡು ಬರೀ ನಾರು ಮಾಡ್ಬುಡ್ತದೆ. ಗಂಜಿ ತಿಳಿ ಇದ್ರೆ ಕೊಡಿ, ಸಾಕು."

ನಮ್ಮಂತವ್ಕೆ ಎಂದಳು. ಹನ್ನೊಂದು ವರ್ಷ ನನ್ನ ತಲೆ ನನ್ನೊಬ್ಬಳದೇ ಪೀಡೆ ಎಂದುಕೊಂಡಿದ್ದೆ. ಆ ಮಾತು ಕೇಳಿ ಅವಳ ಮೊಣಕಾಲಿಗೆ ಇನ್ನಷ್ಟು ಒತ್ತಿಕೊಂಡು ಕೂತೆ.

ನಾಲ್ಕನೇ ದಿನ ದಬ್ಬಳ ಕೈಗೆ ತಗೊಂಡಳು. ಗೋಣಿಚೀಲ ಹೊಲಿಯುವ ಆ ದಬ್ಬಳದ ಮೊಂಡು ತುದಿಯಿಂದ, ಕೂದಲಿನ ಕೆಳತುದಿಯಲ್ಲಿ ಶುರುಮಾಡಿ, ಒಂದೊಂದೇ ಎಳೆ. ಅವ್ವ ಬಾಚಿದ್ದು ಬುಡದಿಂದ. ಚಿಕ್ಕವ್ವ ತುದಿ ಬಿಡಿಸದೆ ಮೇಲಕ್ಕೆ ಹೋಗುತ್ತಲೇ ಇರಲಿಲ್ಲ. ಅವರಪ್ಪನ ವ್ಯಾಪಾರದ ಮಂಡಿಯಲ್ಲಿ ಹೊಗೆಸೊಪ್ಪು ಕಟ್ಟುವ ಹುರಿ ರಾಶಿ ರಾಶಿ ಸಿಕ್ಕಾಗುತ್ತಿತ್ತಂತೆ, ಬಿಡಿಸುವುದು ಇವಳ ಪಾಲಿಗೆ.

"ಎಳುದ್ರೆ ಗಂಟು ಬಿಗೀತದೆ ಕೂಸೆ. ಸಡ್ಲ ಬುಡ್ತಾ ಓದ್ರೆ ಅದೇ ದಾರಿ ತೋರುಸ್ತದೆ."

ಹೇಳುವುದು ಸುಲಭ. ನನಗೆ ನೋವು, ಬೇಸರ, ಸಿಟ್ಟು. ಐದನೇ ದಿನ ತಡೆಯಲಾರದೆ ಅವಳ ಕೈ ಕಚ್ಚಿದೆ. "ನೀನೇ ಪರಟೆ ತಲೆ, ನೀನೇ ಬೆಟ್ಟಕ್ಕೆ ಓಗು" ಎಂದು ಕಿರುಚಿದೆ. ಈಗ ನೆನೆದರೆ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸುತ್ತದೆ. ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು, "ನಾನು ಪರಟೆ ತಲೆನೇ ಕಣವ್ವ. ಕೂತ್ಕ" ಎಂದಳು. ಕೂತೆ. ರಾತ್ರಿ ಊಟಕ್ಕೆ ಕೂತಾಗ ನೋಡಿದೆ, ಎಣ್ಣೆ ನೀರಿನಲ್ಲಿ ನೆಂದು ನೆಂದು ಅವಳ ಬೆರಳ ತುದಿಗಳೆಲ್ಲ ಸುಲಿದಿದ್ದವು. ಸಾರಿನ ಖಾರ ತಾಗಿ ಮುದ್ದೆ ಮುರಿಯಲಾಗದೆ ಮಜ್ಜಿಗೆ ಹಾಕಿಸಿಕೊಂಡಳು. ಮಾರನೆಯ ದಿನದಿಂದ ನಾನು ತುಟಿ ಬಿಚ್ಚಲಿಲ್ಲ.

ಏಳನೇ ದಿನ ಒಂದು ಹಗ್ಗ ಪೂರ್ತಿ ಬಿಟ್ಟಿತು. ಅಷ್ಟು ದಿನ ಇತ್ತ ತಲೆಹಾಕದಿದ್ದ ಅಜ್ಜಿ ಹಿತ್ತಲ ಬಾಗಿಲಿಗೆ ಬಂದು ಹೊಸ್ತಿಲ ಮೇಲೆ ಕೂತಳು.

"ಒಂದು ಬುಟ್ರೇನಾಯ್ತು. ಮ್ಯಾಲಿಂದು ಬುಡಾಕಿಲ್ಲ" ಎಂದಳು. "ನಮ್ಮ ವಂಸ್ದಲ್ಲಿ ಅದೆ ಕಣೆ ಇದು. ನನ್ ತಂಗಿ ಚಿಕ್ಕಬಸಮ್ಮಂಗೂ ಬಂದಿತ್ತು. ಒಂಬತ್ತು ವರ್ಸಕ್ಕೇ ಬೆಟ್ಟಕ್ಕೆ ಬುಟ್ರು. ಪುಣ್ಯವಂತೆ."

"ಅವ್ರ ಕೂದ್ಲೂ ಗುಂಗುರೇ ಇತ್ತಾ ಅತ್ತೆಮ್ಮ?"

ಅಜ್ಜಿ ಚಿಕ್ಕವ್ವನ ಬೆರಳನ್ನೇ ನೋಡಿ ಎದ್ದುಹೋದಳು. ಅವಳು ಹೋದ ಮೇಲೆ ಚಿಕ್ಕವ್ವ ನನ್ನ ಕಿವಿಯ ಹತ್ತಿರ ಬಗ್ಗಿದಳು.

"ನಮ್ಮಂತ ಕೂದ್ಲ ಒಂದು ತಿಂಗ್ಳು ಬಾಚ್ದೆ ಬುಟ್ರೆ ಯಾರಿಗಾದ್ರೂ ಇಂಗೇ ಆಯ್ತದೆ ಕೂಸೆ. ಪಾಪ, ಆ ಮಗೀಗೂ ಇದೇ ಆಗಿರ್ಬೇಕು. ನಿಮ್ಮಜ್ಜಿ ಮುಂದೆ ಅನ್ಬ್ಯಾಡ."

ಅಂದಿನಿಂದ ಅಜ್ಜಿ ದಿನವೂ ಬಂದಳು. ಹೊಸ್ತಿಲಿನಿಂದ ಜಗಲಿಯ ತುದಿಗೆ, ಅಲ್ಲಿಂದ ಕಂಬದ ಪಕ್ಕಕ್ಕೆ. ಒಂದು ದಿನ ಎಣ್ಣೆ ಬಟ್ಟಲು ಖಾಲಿಯಾದಾಗ ಯಾರೂ ಹೇಳದೆ ಎದ್ದುಹೋಗಿ ತುಂಬಿಸಿಕೊಂಡು ಬಂದಳು. ಚಿಕ್ಕವ್ವ ಅದನ್ನು ದೊಡ್ಡದು ಮಾಡದೆ ಬಟ್ಟಲನ್ನು ಈಸಿಕೊಂಡಳು.

ಭಾನುವಾರ ಬಂತು, ಹನ್ನೊಂದನೇ ದಿನ. ಕತ್ತಿನ ಹತ್ತಿರ ಹೆಬ್ಬೆರಳು ಗಾತ್ರದ ಒಂದೇ ಗಂಟು ಉಳಿದಿತ್ತು, ಅದು ಎಲ್ಲಕ್ಕಿಂತ ಮೊಂಡು. ಬೆಟ್ಟಕ್ಕೆ ಹೋಗುವ ಗಾಡಿಗೆ ಹುಲ್ಲು ಹಾಸಿದ್ದು ನನಗೆ ಕೂತಲ್ಲಿಂದಲೇ ಕಾಣುತ್ತಿತ್ತು. ರುದ್ರಾಕ್ಷಿ ಸರವನ್ನು ಅಜ್ಜಿ ಆಗಲೇ ದೇವರ ಗೂಡಿನಲ್ಲಿ ಇಟ್ಟಿದ್ದಳು. ಚಿಕ್ಕವ್ವ ಅವಸರ ಮಾಡಲಿಲ್ಲ. ಮೊದಲ ದಿನ ಹೇಗೋ ಹಾಗೇ, ಒಂದು ಹನಿ ಎಣ್ಣೆ, ಒಂದೆಳೆ, ಇನ್ನೊಂದು ಹನಿ, ಇನ್ನೊಂದೆಳೆ. ಹೊತ್ತು ಇಳಿಯುವಾಗ ದಬ್ಬಳ ಕೆಳಗಿಟ್ಟು ಮರದ ಬಾಚಣಿಗೆ ತಗೊಂಡಳು. ನೆತ್ತಿಯಿಂದ ಸೊಂಟದವರೆಗೆ ಬಾಚಣಿಗೆ ಎಲ್ಲೂ ನಿಲ್ಲದೆ ಇಳಿಯಿತು. ನನ್ನ ಕೂದಲು ಅಷ್ಟು ಉದ್ದವಿದೆ ಎಂದು ಹೆತ್ತವ್ವನಿಗೇ ಗೊತ್ತಿರಲಿಲ್ಲ. ಒಲೆ ಬಿಟ್ಟು ಬಂದು ನಿಂತಿದ್ದ ಅವ್ವ ಅಲ್ಲೇ ಕುಸಿದು ಕೂತು ಅತ್ತಳು.

ಅಜ್ಜಿ ಹತ್ತಿರ ಬಂದು ನನ್ನ ಕೂದಲಿಗೆ ಕೈ ಹಾಕಿದಳು. ಬುಡದಿಂದ ತುದಿಯವರೆಗೆ ಬೆರಳು ಎಳೆದಳು, ಮತ್ತೆ ಎಳೆದಳು.

"ಗಾಡಿ ಬುಚ್ಚಾಕ್ಬುಡಿ" ಎಂದು ಕೊಟ್ಟಿಗೆಯ ಕಡೆಗೆ ಕೂಗಿದಳು. "ಕೂಸು ಇಸ್ಕೂಲ್ಗೋಗ್ಲಿ."

ಎದ್ದು ಕುಣಿಯಬೇಕು ಅನ್ನಿಸಿತು. ಆದರೆ ಅಜ್ಜಿಯ ಕೈ ಇನ್ನೂ ನನ್ನ ಕೂದಲಲ್ಲೇ ಇತ್ತು.

"ಗೌರಿ" ಎಂದಳು. ಅಲ್ಲಿಯವರೆಗೆ ಅವಳನ್ನು ಹೆಸರು ಹಿಡಿದು ಕರೆದವಳಲ್ಲ. "ನಮ್ಮವ್ವ ಇರ್ನಿಲ್ಲ. ನನ್ ತಂಗಿ ಬಸಿ ತಲೆ ಬಾಚೋದು ನನ್ ಪಾಲ್ಗಿತ್ತು. ಕೂದ್ಲು ನೋಡುದ್ರೆ ಇಂಗೇ, ಒಂದಿನ ಬಾಚುದ್ರೆ ಎಲ್ಡ್ ದಿನ ಕೈ ನೋವು. ನಂಗೂ ಹನ್ನೆಲ್ಡು ವರ್ಸ, ಬ್ಯಾಸ್ರ ಆಗಿ ಬುಟ್ಬುಟ್ಟೆ. ಆಮೇಕೆ ನಮ್ಮಪ್ಪ ಬಯ್ತನೆ ಅಂತ ಜಡೆ ಬಂದದೆ ಅಂದೆ. ಮೊದ್ಲು ಅಂದೋಳೇ ನಾನು." ಉಸಿರು ಎಳೆದುಕೊಂಡಳು. "ಆಮೇಕೆ ಅವ್ಳ ಒಂದೇ ಸಲ ಕಂಡಿದ್ದು, ಚುಂಚನಕಟ್ಟೆ ಹೊಳೆ ಸೋಪಾನದ ಮ್ಯಾಲೆ. ನನ್ ಮುಂದೇ ಜೋಳ್ಗೆ ಒಡ್ಡುದ್ಲು, ನನ್ ಗುರ್ತು ಇಡೀನಿಲ್ಲ. ದಿಟ ಯೋಳು ಗೌರಿ. ಇಂಗೇ ಹನ್ನೊಂದಿನ ಕುಂತಿದ್ರೆ ಅವಳ್ದೂ ಬುಡ್ತಿತ್ತಾ?"

ನನಗೆ ಉತ್ತರ ಗೊತ್ತಿತ್ತು, ನಾಲ್ಕು ದಿನದ ಹಿಂದೆ ಇದೇ ಜಗಲಿಯಲ್ಲಿ ಚಿಕ್ಕವ್ವನ ಬಾಯಿಂದಲೇ ಕೇಳಿದ್ದೆ. ಪರಟೆ ತಲೆ ಎಂದು ಬಂದಾಗಿನಿಂದ ಆಡಿಕೊಂಡ ಅತ್ತೆ ಈಗ ಅವಳ ಕೈಯಲ್ಲಿದ್ದಳು.

"ಇಲ್ಲ ಅತ್ತೆಮ್ಮ" ಎಂದಳು ಚಿಕ್ಕವ್ವ. "ಅದು ದೇವ್ರು ಕೊಟ್ಟಿದ್ದೇಯ. ಇದು ಬರೀ ಸಿಕ್ಕು. ಬೆರ್ಳಿಟ್ಟ ತಕ್ಸಣ್ವೆ ನಂಗೆ ಗೊತ್ತಾಯ್ತು. ಅವರ್ದು ಯಾರು ಕುಂತ್ರೂ ಬುಡ್ತಿರ್ನಿಲ್ಲ."

"ದಿಟ್ವಾ?"

"ನನ್ ತಲೆಯಾಣ್ಗೂ."

ಅಜ್ಜಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಸೆರಗಿನಿಂದ ಕಣ್ಣು ಒತ್ತಿಕೊಂಡು, ಹಗುರವಾದವಳಂತೆ, ದೀಪ ಹಚ್ಚುವ ಹೊತ್ತಾಯಿತು ಎಂದು ಒಳಗೆ ಹೋದಳು. ಹನ್ನೊಂದು ದಿನ ಬೆರಳು ಸುಲಿಸಿಕೊಂಡು ಕೂತದ್ದು ದೊಡ್ಡದು, ನಿಜ. ಆದರೆ ನಾನು ಇವತ್ತಿಗೂ ಚಿಕ್ಕವ್ವನಿಗೆ ಮನಸ್ಸಿನಲ್ಲೇ ಅಡ್ಡಬೀಳುವುದು ಆ ಒಂದು ಸುಳ್ಳಿಗೆ.

ನಾನು ತಿರುಗಿ ಅವಳ ಮುಖ ನೋಡಲು ಹೋದೆ. ಚಿಕ್ಕವ್ವ ನನ್ನ ತಲೆಯನ್ನು ಮುಂದಕ್ಕೆ ಒತ್ತಿ ಹಿಡಿದು, "ಅಳ್ಳಾಡ್ಬ್ಯಾಡ" ಎಂದು ಕೂದಲನ್ನು ಮೂರು ಪಾಲು ಮಾಡಿ ಹೆಣೆಯತೊಡಗಿದಳು. ನಡುವೆ ಎಳೆ ತಪ್ಪಿ, ಬಿಚ್ಚಿ ಮತ್ತೆ ಮೊದಲಿನಿಂದ ಹೆಣೆದಳು. ಹನ್ನೊಂದು ದಿನದಲ್ಲಿ ಅವಳ ಬೆರಳು ತಪ್ಪಿದ್ದು ಆಗ ಮಾತ್ರ.