ಹಸಿರು ಹಚ್ಚಿದ ಚೌಕ

ಪರದೆಯ ಮೇಲಿನ ಚೌಕ ಕೆಂಪಾದಾಗ ಅವಳು ಚೀಲವನ್ನು ಭುಜಕ್ಕೆ ಏರಿಸಿಕೊಂಡಾಗಿತ್ತು. ಒಂದು ಕೈ ಕುರ್ಚಿಯ ಬೆನ್ನಿನ ಮೇಲೆ, ಇನ್ನೊಂದು ಮೌಸಿನ ಮೇಲೆ. ಕೂರದೆ, ನಿಂತೇ ನೋಡಿದಳು. ಬಾಣದ ಗುರುತುಗಳು ಒಂದಕ್ಕೊಂದು ಗಂಟು ಹಾಕಿದ್ದ ಚೌಕಗಳ ಸಾಲಿನಲ್ಲಿ ಮೊದಲನೆಯದು ಹಸಿರಾಗಿತ್ತು, ಎರಡನೆಯದು ಕೆಂಪಾಗಿ ನಿಂತಿತ್ತು. ಅದರ ಕೆಳಗಿನವು ಬಣ್ಣವೇ ಇಲ್ಲದೆ ಕೂತಿದ್ದವು. ಅಕ್ಕನ ಮದುವೆ ಮುರಿದರೆ ತಂಗಿಯರ ಮಾತೂ ಅಲ್ಲಿಗೇ ನಿಂತಿತು ಎಂದು ಮೀಸೆ ಇದನ್ನು ಹೊಸಬರಿಗೆ ವಿವರಿಸುತ್ತಿದ್ದ. ಮೀಸೆ ಎಂದರೆ ಎದುರು ಮೇಜಿನವನು. ಮೀಸೆ ಬೋಳಿಸಿ ಎಷ್ಟೋ ವರ್ಷವಾಗಿದ್ದರೂ ಹೆಸರು ಮಾತ್ರ ಮುಖ ಬಿಟ್ಟು ಹೋಗಿರಲಿಲ್ಲ.

ಅದು ದೊಡ್ಡ ಆಸ್ಪತ್ರೆಯೊಂದರ ಕಂಪ್ಯೂಟರ್ ಕೋಣೆ. ಮೂತ್ರಪಿಂಡ ಸೋತವರು ವಾರಕ್ಕೆ ಕೆಲವು ಸಲ ಬಂದು ಯಂತ್ರದಲ್ಲಿ ರಕ್ತ ಶುದ್ಧ ಮಾಡಿಸಿಕೊಂಡು ಹೋಗಬೇಕು. ನಡೆಯಲಾರದವರನ್ನು ಆಸ್ಪತ್ರೆಯ ಗಾಡಿಯೇ ಮನೆಯಿಂದ ಕರೆತರುತ್ತದೆ. ನಾಳೆ ಯಾರ ಸರದಿ ಎಂದು ನರ್ಸುಗಳು ಬರೆದದ್ದನ್ನು ತರುವುದು, ಹೆಸರಿಗೆ ವಿಳಾಸ ಹೊಂದಿಸುವುದು, ಗಾಡಿಗಳಿಗೆ ಹಂಚುವುದು, ಚಾಲಕರ ಹಾಳೆ ತೆಗೆಯುವುದು, ಕೊನೆಗೆ ಮನೆಮನೆಗೆ ಮೆಸೇಜು ಕಳಿಸುವುದು. ಪ್ರತಿ ಮಧ್ಯಾಹ್ನ ಈ ಕೆಲಸಗಳನ್ನು ಸಾಲಾಗಿ ನಡೆಸುವುದು ಶೆಡ್ಯೂಲರ್ ಎಂಬ ಪ್ರೋಗ್ರಾಂ. ಪರದೆಯಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ಚೌಕ. ಅದು ನಡೆಸುವುದನ್ನು ನೋಡಿಕೊಳ್ಳುವುದು ಅವಳ ಕೆಲಸ.

ವಿಳಾಸ ಹೊಂದಿಸುವ ಕೆಲಸ ಬಿದ್ದಿತ್ತು. ಯಾಕೆ ಬಿತ್ತು ಎಂದು ಓದಿ, ಸರಿಮಾಡಿ, ಅಲ್ಲಿಂದ ಮತ್ತೆ ನಡೆಸಬೇಕಾದದ್ದು ಕ್ರಮ. ಆದರೆ ಹೊರಗೆ ಟ್ಯಾಕ್ಸಿ ಕಾಯುತ್ತಿತ್ತು. ಲಕ್ವ ಹೊಡೆದು ಮಾತು ಬಿದ್ದಿದ್ದ ಅಮ್ಮನನ್ನು ಮಾತು ಕಲಿಸುವ ವೈದ್ಯೆಯ ಬಳಿ ಕರೆದೊಯ್ಯಬೇಕು. ಎಷ್ಟು ಕಾದ ಮೇಲೆ ಸಿಕ್ಕಿದ ಸಮಯ ಅದು. ಇವತ್ತು ತಪ್ಪಿದರೆ ಮತ್ತೆ ಯಾವಾಗಲೋ.

ಆ ಕೋಣೆಯಲ್ಲಿ ಇನ್ನೊಂದು ದಾರಿಯೂ ಇತ್ತು. ಯಾರೂ ಕಲಿಸದಿದ್ದರೂ ಎಲ್ಲರಿಗೂ ಗೊತ್ತಿದ್ದ ದಾರಿ. ಬಿದ್ದ ಕೆಲಸದ ಮೇಲೆ ಒತ್ತಿ, ‘ಇದು ಮುಗಿಯಿತು’ ಎಂದು ಕೈಯಾರೆ ಗುರುತು ಹಾಕಿದರೆ ಚೌಕ ಹಸಿರಾಗುತ್ತದೆ, ಕೆಳಗಿನವು ಅದನ್ನೇ ನಂಬಿ ಹೊರಡುತ್ತವೆ. ಹಸಿರು ಹಚ್ಚುವುದು ಎನ್ನುತ್ತಿದ್ದರು ಅದಕ್ಕೆ. ವಾರದ ಒಂದೊಂದು ದಿನಕ್ಕೂ ಒಂದೊಂದು ಪಟ್ಟಿ. ಹೊಸದು ತಯಾರಾಗದಿದ್ದರೆ ಆ ಜಾಗದಲ್ಲಿ ಕಳೆದ ವಾರದ ಅದೇ ದಿನದ ಪಟ್ಟಿ ಉಳಿದಿರುತ್ತದೆ. ಹೇಗೂ ಅದೇ ಜನ, ಅದೇ ದಿನ. ಹಿಂದೆಯೂ ಒಂದೆರಡು ಸಲ ಹಚ್ಚಿದ್ದುಂಟು, ಏನೂ ಆಗಿರಲಿಲ್ಲ.

ಅವಳು ಹಚ್ಚಿದಳು. ಕೆಳಗಿನ ಚೌಕಗಳು ಒಂದರ ಹಿಂದೆ ಒಂದು ಹಸಿರಾದವು. ಕೊನೆಯದೂ ಆಗುವವರೆಗೆ ನಿಂತಿದ್ದು ಬಾಗಿಲ ಕಡೆ ತಿರುಗಿದಾಗ ಮೇಜಿನ ಫೋನು ಹೊಡೆದುಕೊಂಡಿತು. ಮೀಸೆ ಕಾಫಿಗೆ ಹೋಗಿದ್ದ.

ಗಾಡಿಯವರ ಆಫೀಸೇ ಎಂದು ಕೇಳಿತು ವಯಸ್ಸಾದ ಗಂಡಸಿನ ದನಿ. ಮೆಸೇಜಿನ ಕೆಳಗೆ ಈ ನಂಬರ್ ಇತ್ತಂತೆ. ಹೆಂಡತಿಯ ಹೆಸರು ಹೇಳಿ, ನಾಳೆ ಬೆಳಿಗ್ಗೆ ಗಾಡಿ ಬರುವುದಾಗಿ ಬಂದಿದೆ, ನಿಜವೇ ಎಂದು ವಿಚಾರಿಸಿದರು. ಅವಳು ನಿಂತಲ್ಲೇ ಬಗ್ಗಿ ಪರದೆ ನೋಡಿ, ಹೌದು ಅಪ್ಪಾಜಿ, ನಾಳೆ ಅವರ ಸರದಿಯೇ, ಸಿದ್ಧವಾಗಿರಲು ಹೇಳಿ ಎಂದಳು.



“ಅವಳು ತೀರಿಕೊಂಡ್ಳಮ್ಮ,” ಎಂದರು. “ಹೋದ ವಾರ ನಿಮ್ಮಲ್ಲಿಗೆ ಬಂದು ಹೋದ ಮಾರನೇ ದಿನ.”

ಅವಳ ಭುಜದ ಚೀಲ ಜಾರಿ ಮೊಣಕೈಗೆ ಬಂದು ನಿಂತಿತು. ಅವರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಗಾಡಿಯವನು ಸುಮ್ಮನೆ ಇಷ್ಟು ದೂರ ಬಂದು ಕಾಯುವುದು ಬೇಡ ಎಂದು ತಿಳಿಸಲು ಫೋನು ಮಾಡಿದ್ದಂತೆ. ಒಳ್ಳೆಯ ಮನುಷ್ಯ ಅವನು, ಒಂದು ದಿನವೂ ಹಾರ್ನ್ ಹೊಡೆದವನಲ್ಲ, ಇಳಿದು ಬಂದು ಬಾಗಿಲು ತಟ್ಟುತ್ತಿದ್ದ. ಹೀಗೆ ಗಾಡಿಯವನ ಗುಣ ಹೇಳುತ್ತ ಹೇಳುತ್ತ ನಡುವೆ ತಡೆದರು.

“ಮೆಸೇಜ್ ನೋಡಿದ ತಕ್ಷಣ ಅವಳ ಚೀಲ ತೆಗೆದು ಬಾಗಿಲ ಹತ್ರ ಇಟ್ಟೆ ನೋಡಿ. ಶಾಲು, ನೀರಿನ ಬಾಟ್ಲು, ಎಲ್ಲ ಹಾಕಿ. ಆಮೇಲೆ ನೆನಪಾಯ್ತು.”

ವಿಚಾರಿಸಿ ತಾನೇ ತಿರುಗಿ ಮಾತಾಡುವುದಾಗಿ ಹೇಳಿ ಫೋನು ಇಟ್ಟಳು. ಚೀಲ ನೆಲಕ್ಕೆ ಬಿಟ್ಟು ಕೂತಳು. ಮೊದಲೇ ಓದಬೇಕಿದ್ದದ್ದನ್ನು ಈಗ ತೆರೆದು ಓದಿದಳು. ಕೆಲಸ ಯಾಕೆ ಬಿದ್ದಿತು ಎಂಬುದಕ್ಕೆ ಯಂತ್ರ ಕಾರಣ ಬರೆದಿಟ್ಟಿತ್ತು. ಹೊಸ ಹೆಸರೊಂದು ಸೇರಿದೆ, ಅದಕ್ಕೆ ವಿಳಾಸವಿಲ್ಲ. ಕಾರಣ ಇಷ್ಟೇ. ಆ ಹೆಸರಿನ ಹೆಂಗಸು ವಾರ್ಡಿನಿಂದ ಮನೆಗೆ ಹೋಗಿ ಎರಡು ದಿನವಾಗಿತ್ತು. ನಾಳೆ ಆಕೆಯ ಮೊದಲ ಸರದಿ. ಹಳೆಯ ಪಟ್ಟಿಯಲ್ಲಿ ಆಕೆ ಇಲ್ಲ. ಗಾಡಿ ಹೋಗುವುದಿಲ್ಲ, ಮೆಸೇಜೂ ಹೋಗಿಲ್ಲ. ಇಂಥವರು ಒಂದು ಸರದಿ ತಪ್ಪಿಸಿಕೊಂಡರೆ ಕಾಲು ಬಾತು, ಎದೆಯಲ್ಲಿ ನೀರು ತುಂಬಿ, ಉಸಿರಿಗಾಗಿ ಒದ್ದಾಡುತ್ತಾರೆಂದು ಅವಳಿಗೆ ಗೊತ್ತಿತ್ತು. ಚೌಕ ಕೆಂಪಾಗಿದ್ದದ್ದು ಆ ಒಬ್ಬಳಿಗಾಗಿ. ಆ ಕೆಂಪಿನ ಮೇಲೆಯೇ ತಾನು ಹಸಿರು ಬಳಿದದ್ದು.

ನೆರೆಮನೆಯ ಚಿಕ್ಕಮ್ಮನಿಗೆ ಫೋನು ಮಾಡಿ, ಟ್ಯಾಕ್ಸಿ ವಾಪಸ್ ಕಳಿಸುತ್ತಿದ್ದೇನೆ, ಇವತ್ತು ಹೋಗಲಾಗುವುದಿಲ್ಲ, ಅಮ್ಮನಿಗೆ ಹೇಳಿಬಿಡಿ ಎಂದಳು. ಅವರಾಗಲೇ ಸೀರೆ ಬದಲಿಸಿ ಕೂತಿದ್ದಾರಲ್ಲೇ ಎಂದರು ಚಿಕ್ಕಮ್ಮ. ಅವಳು ಫೋನು ಇಟ್ಟು, ಸರದಿ ಬರೆಯುವ ನರ್ಸಿನ ನಂಬರ್ ಒತ್ತಿದಳು.

ನರ್ಸಿಗೆ ಕೆಲಸ ಕುತ್ತಿಗೆಯವರೆಗೆ ಬಂದಿತ್ತು. ವಿಳಾಸ ಹುಡುಕಿ ಹೇಳಿದಳು, ಹೇಳಿ ಸುಮ್ಮನಿರಲಿಲ್ಲ. “ಬರೆಯೋದು ಬಿಟ್ಟಿದ್ದು ನಾನೇ, ಒಪ್ದೆ. ಆದ್ರೆ ನಿಮ್ಮ ಯಂತ್ರ ಯಾಕಿರೋದು? ಒಂದು ಮಾತು ಕೇಳ್ಬಾರ್ದಿತ್ತಾ?”

“ಕೇಳಿತ್ತು ಸಿಸ್ಟರ್. ಬಾಯಿ ಮುಚ್ಚಿಸಿದ್ದು ನಾನು.”

ಕಾಫಿ ಲೋಟ ಹಿಡಿದು ಬಂದ ಮೀಸೆ ಬಾಗಿಲಲ್ಲೇ ಇದನ್ನು ಕೇಳಿಸಿಕೊಂಡ. ಲೋಟವನ್ನು ಮೇಜಿನ ಮೇಲಿಟ್ಟು ಅವಳ ಹಿಂದೆ ಬಂದು ನಿಂತ. ಅವಳು ವಿಳಾಸ ತುಂಬಿಸಿ, ಬಿದ್ದಿದ್ದ ಕೆಲಸವನ್ನು ಮತ್ತೆ ನಡೆಸಿದಳು. ಈ ಸಲ ಅದು ತನ್ನಷ್ಟಕ್ಕೆ ಹಸಿರಾಯಿತು. ಮೇಲಿಂದ ಕೆಳಗಿನವರೆಗೆ ಈಗ ಒಂದೇ ಬಣ್ಣ. ಹೊರಗಿನವರು ಯಾರು ನೋಡಿದರೂ ಎಲ್ಲ ಸರಿ ಇದೆ ಎನ್ನಬೇಕು. ಆದರೆ ಕೆಳಗಿನ ಹಸಿರು ಮೊದಲಿನ ಸುಳ್ಳನ್ನು ನಂಬಿ ಬಂದ ಹಸಿರು. ಗಾಡಿಗಳ ಹಂಚಿಕೆಯಲ್ಲಿ ಸತ್ತವರಿಗೆ ಇನ್ನೂ ಸೀಟಿತ್ತು, ಬದುಕಿದ್ದವಳಿಗೆ ಇರಲಿಲ್ಲ.

ಹಂಚಿಕೆ ಮತ್ತು ಚಾಲಕರ ಹಾಳೆ ಇವೆರಡನ್ನು ಮಾತ್ರ ಮತ್ತೆ ನಡೆಸಿ, ಮೆಸೇಜನ್ನು ಬಿಟ್ಟುಬಿಡು ಎಂದು ಮೀಸೆ ಮೆಲ್ಲಗೆ ಹೇಳಿದ. ಹೊಸ ಹೆಂಗಸಿಗೆ ನಾವೇ ಫೋನು ಮಾಡಿದರಾಯಿತು, ಯಾರಿಗೂ ತಿಳಿಯುವುದಿಲ್ಲ. ಹೇಳಿದ್ದು ಅವಳ ಒಳ್ಳೆಯದಕ್ಕೇ. ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಒಬ್ಬರು ಸೇರಿ ಒಬ್ಬರು ಹೋದರೆ ಗಾಡಿಯ ದಾರಿ ಬದಲಾಗುತ್ತದೆ, ದಾರಿ ಬದಲಾದರೆ ಎಷ್ಟೋ ಮನೆಗಳ ಹೊತ್ತು ಬದಲಾಗುತ್ತದೆ. ಅವರೆಲ್ಲ ಹಳೆಯ ಹೊತ್ತನ್ನು ನಂಬಿ ಬಾಗಿಲಲ್ಲಿ ನಿಂತಿರುತ್ತಾರೆ.

“ಎಲ್ಲರಿಗೂ ಎರಡೆರಡು ಸಲ ಹೋಗುತ್ತೆ ಅಕ್ಕ. ಮುಖ್ಯಸ್ಥರು ಕೇಳ್ತಾರೆ.”

“ಕೇಳ್ಲಿ. ಹೇಳ್ತೀನಿ.”

ಬಿದ್ದ ಜಾಗದಿಂದ ಹಿಡಿದು, ಅದನ್ನು ನಂಬಿದ ಪ್ರತಿಯೊಂದನ್ನೂ ಗುರುತು ಮಾಡಿ ಅಳಿಸಿದಳು. ಹಸಿರೆಲ್ಲ ಒಮ್ಮೆಗೇ ಹೋಗಿ ಚೌಕಗಳು ಬೋಳಾದವು. ಮೊದಲ ಸಲ ನೋಡುವವರಂತೆ ಇಬ್ಬರೂ ನೋಡುತ್ತ ಕೂತರು. ಒಂದು ಮುಗಿದ ಮೇಲೆ ಇನ್ನೊಂದು, ಅವಸರವಿಲ್ಲದೆ, ತುಂಬಿಕೊಂಡು ಬಂತು. ಕೊನೆಯ ಚೌಕಕ್ಕೆ ಮುಂಚೆ ಶೆಡ್ಯೂಲರ್ ಅನ್ನು ತಡೆದು, ‘ಮೊದಲಿನ ಮೆಸೇಜು ತಪ್ಪು, ದಯವಿಟ್ಟು ಇದನ್ನು ನೋಡಿ’ ಎಂಬ ಸಾಲು ಸೇರಿಸಿದಳು. ಆಮೇಲೆ ಬಿಟ್ಟಳು.

ಹೆಚ್ಚು ಹೊತ್ತಾಗಲಿಲ್ಲ, ಫೋನುಗಳು ಶುರುವಾದವು. ಮೀಸೆ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡು ತಾನೇ ಎತ್ತತೊಡಗಿದ. ನಮಗೇನು ಒಂದು ಸಲ ಹೇಳಿದರೆ ಅರ್ಥವಾಗುವುದಿಲ್ಲವೇ ಎಂದು ಒಬ್ಬ ಮುದುಕಿ ಗದರಿಕೊಂಡಳಂತೆ. ನಮ್ಮ ಮನೆಯಲ್ಲಿ ನನಗೂ ಎರಡು ಸಲ ಹೇಳಬೇಕಮ್ಮ ಎಂದು ಇವನು ಅಂದ. ಮುದುಕಿ ನಕ್ಕು ಇಟ್ಟಳು. ಹೊಸ ಹೆಂಗಸಿನ ಮನೆಗೂ ಮೆಸೇಜು ಮುಟ್ಟಿತ್ತು. ಆಕೆಯ ಮಗಳು ಫೋನು ಮಾಡಿ, ಗಾಡಿಯೊಳಗೆ ತಾನೂ ಅಮ್ಮನ ಪಕ್ಕ ಕೂರಬಹುದೇ ಎಂದು ಕೇಳಿದಳು.

ಒಂದು ಮನೆಗೆ ಮಾತ್ರ ಎರಡನೆಯ ಮೆಸೇಜು ಹೋಗಿರಲಿಲ್ಲ. ಹೊಸ ಪಟ್ಟಿಯಲ್ಲಿ ಆ ಹೆಸರಿರಲಿಲ್ಲವಲ್ಲ. ಅವಳು ಖಾಲಿ ಇದ್ದ ಪಕ್ಕದ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡು ಫೋನು ಮಾಡಿದಳು. ಏನಾಯಿತು, ತಾನು ಏನು ಮಾಡಿದೆ, ಯಾಕೆ ಅವಸರ ಮಾಡಿದೆ ಎಲ್ಲ ಹೇಳಿದಳು. ಅಮ್ಮನ ವಿಷಯ ಹೇಳುವಾಗ ಅದು ನೆಪದಂತೆ ಕೇಳಿಸಿ ನಡುವೆ ನಿಲ್ಲಿಸಿದಳು. ನಿಮ್ಮ ತಾಯಿ ಈಗ ಮಾತಾಡುತ್ತಾರಾ ಎಂದು ಅವರೇ ಕೇಳಿದರು. ಸ್ವಲ್ಪ ಸ್ವಲ್ಪ ಎಂದಳು.

“ಹೆಸರು ತೆಗೆದ್ರಾ?”

“ತೆಗೆದಿದೆ ಅಪ್ಪಾಜಿ. ಇನ್ನು ಬರಲ್ಲ.”

“ಹೂಂ,” ಎಂದರು. ದೂರದಲ್ಲಿ ಯಾವುದೋ ನಲ್ಲಿಯ ಸದ್ದು ಕೇಳುತ್ತಿತ್ತು. “ತೆಗೀಲೇಬೇಕಲ್ಲ.”

ಮನೆ ಮುಟ್ಟುವಾಗ ಕಿಟಕಿಗಳಲ್ಲಿ ಇನ್ನೂ ಬೆಳಕಿತ್ತು. ಅಮ್ಮ ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು, ಮಡಿಕೆ ಮುರಿಯದ ಸೀರೆಯಲ್ಲಿ. ಚಿಕ್ಕಮ್ಮ ಎಷ್ಟು ಕರೆದರೂ ಒಳಗೆ ಬರಲಿಲ್ಲವಂತೆ. ಅವಳು ಚಪ್ಪಲಿ ಬಿಟ್ಟು ಅವರ ಕಾಲ ಬಳಿ ನೆಲದ ಮೇಲೆ ಕೂತಳು.

ಅಮ್ಮ ಓದಿದ್ದು ಕಡಿಮೆ, ಕೇಳಿ ಕಲಿತದ್ದು ಹೆಚ್ಚು. ಅಜ್ಜನ ತೊಡೆಯ ಮೇಲೆ ಕೂತು ಬಾಯಿಪಾಠ ಮಾಡಿದ ಪದ್ಯಗಳು ಮಾತು ಬಿದ್ದ ಮೇಲೂ ಒಳಗೆಲ್ಲೋ ಉಳಿದಿದ್ದವು. ನೀರು ಬೇಕು ಎನ್ನಲು ಬಾರದ ನಾಲಗೆ ದೇವರ ಪದ್ಯದ ಒಂದು ಸಾಲನ್ನು ಪೂರ್ತಿ ಹೇಳಿಬಿಡುತ್ತಿತ್ತು. ಮುಂದಿನ ಸಾಲಿನಲ್ಲಿ ತೊಡರುತ್ತಿತ್ತು. ಬೆಳಿಗ್ಗೆಯೂ ಹಾಗೇ ಆಗಿತ್ತು. ಕೆಲಸಕ್ಕೆ ಹೊರಟಿದ್ದ ಅವಳು ಸಿಗದ ಪದವನ್ನು ತಾನೇ ಹೇಳಿ, ಆಯ್ತಲ್ಲ ಅಮ್ಮ, ಮುಂದಕ್ಕೆ ಹೇಳು ಎಂದಿದ್ದಳು. ಅಮ್ಮ ಮುಂದಕ್ಕೆ ಹೇಳಿರಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿದ್ದರು.

ಈಗ ಅವರು ತಾವಾಗಿಯೇ ಶುರುಮಾಡಿದರು. ಸರಿಯಿದ್ದ ಕೈಯ ಬೆರಳು ಕುರ್ಚಿಯ ತೋಳಿನ ಮೇಲೆ ತಾಳ ಹಾಕಿತು.

“ದಡವ ಕಾಣದ ಹಡಗಿಗೆ... ಗಾಳಿಯಾಗಿ ಬಾ. ಗಿಡದ... ಒಣಗಿದ ತುದಿಗೆ...”

ಅಲ್ಲಿಗೆ ನಿಂತಿತು. ಚಿಗುರು ಎಂಬ ಪದ ಅವಳ ನಾಲಗೆಯ ತುದಿಗೆ ಬಂದಿತ್ತು. ಅವಳು ತುಟಿ ಒತ್ತಿ ಹಿಡಿದಳು. ಅಮ್ಮ ಅವಳ ಮುಖ ನೋಡಿದರು, ಅವಳೇನೂ ಹೇಳುವುದಿಲ್ಲ ಎಂದು ಖಾತ್ರಿಯಾಗುವಷ್ಟು ಹೊತ್ತು ನೋಡಿದರು. ಆಮೇಲೆ ತಲೆ ಅಲ್ಲಾಡಿಸಿ, ಕಣ್ಣು ಮುಚ್ಚಿ, ಪದ್ಯದ ಮೊದಲ ಪದಕ್ಕೆ ಹಿಂದಿರುಗಿದರು.

“ದಡವ...”

ಅಡುಗೆಮನೆಯಲ್ಲಿ ಚಿಕ್ಕಮ್ಮ ಪಾತ್ರೆ ಇಡುವ ಸದ್ದು ನಿಂತಿತು. ಕಾಣದ, ಹಡಗಿಗೆ, ಗಾಳಿಯಾಗಿ. ಗಿಡದ, ಒಣಗಿದ, ತುದಿಗೆ. ಕುರ್ಚಿಯ ತೋಳಿನಿಂದ ಮೇಲೆದ್ದ ಬೆರಳು ಗಾಳಿಯಲ್ಲಿ ತಡೆಯಿತು. ಅವಳು ಉಸಿರು ಬಿಡದೆ ಆ ಬೆರಳನ್ನೇ ನೋಡುತ್ತ ಕೂತಳು.